ಇಳಿಜಾರು ಬೇಡುವ ಕಾರು

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಇಳಿಜಾರುಗಳೆಲ್ಲ ನಾವುಂದದ ಚಂದಯ್ಯ ಶೆಟ್ಟರಿಗೆ ಬಾಯಿಪಾಠ. ಅವರ ಹಳೆಯ ಡೀಸೆಲ್ ಕಾರು ನಾಲ್ಕು ವರ್ಷಗಳಿಂದ ಕೀಲಿ ತಿರುಗಿಸಿದರೆ 'ಟಕ್' ಎನ್ನುತ್ತಿತ್ತೇ ಹೊರತು ಏಳುತ್ತಿರಲಿಲ್ಲ. ಇಳಿಜಾರಿನಲ್ಲಿ ಉರುಳಲು ಬಿಟ್ಟು ಎರಡನೇ ಗೇರಿಗೆ ಹಾಕಿದರೆ ಮಾತ್ರ ಕೆಮ್ಮಿಕೊಂಡು ಏಳುವುದು. ಹೀಗಾಗಿ ಶೆಟ್ಟರ ನೆಂಟಸ್ತಿಕೆಯನ್ನೆಲ್ಲ ನೆಲವೇ ನಿರ್ಧರಿಸುತ್ತಿತ್ತು. ಗುಡ್ಡೆಯ ಮೇಲಿನ ಸಭಾಭವನದಲ್ಲಿ ಮದುವೆಯಾದರೆ ದೂರದ ನೆಂಟರಿಗೂ ಅವರ ಹಾಜರಿ ಉಂಟು. ಗದ್ದೆಬಯಲಲ್ಲಾದರೆ ಸ್ವಂತ ಸೋದರಳಿಯನಿಗೂ ಇಲ್ಲ.

ಗ್ಯಾರೇಜಿಗೆ ಕೊಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಶೆಟ್ಟರು ಬೊಂಬಾಯಿಯಲ್ಲಿ ಹನ್ನೊಂದು ವರ್ಷ ಟ್ಯಾಕ್ಸಿ ಓಡಿಸಿದವರು, ದಾದರಿನ ಬೀದಿಬದಿಯಲ್ಲೇ ಎಂಜಿನ್ ಬಿಚ್ಚಿ ಕಟ್ಟಿದವರು. ತಮ್ಮ ಕಾರಿಗೆ ಇನ್ನೊಬ್ಬ ಕೈಹಾಕುವುದೆಂದರೆ ಅವರಿಗೆ ಮರ್ಯಾದೆಯ ಪ್ರಶ್ನೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು.

ಕೆಲಸ ಅವರಿಗೆ ತಿಳಿಯದ್ದೇನಲ್ಲ. ಸ್ಟಾರ್ಟರ್ ಮೋಟಾರಿನ ಬೆನ್ನ ಮೇಲೆ ಕೂತಿರುವ ಗಿಡ್ಡ ಡಬ್ಬಿಯೇ ಸೊಲೆನಾಯ್ಡ್. ಕೀಲಿಯಿಂದ ಬರುವ ಸಣ್ಣ ವಯರಿಗೆ ಕರೆಂಟು ಸಿಕ್ಕರೆ ಒಳಗಿನ ಸುರುಳಿ ಒಂದು ಕಬ್ಬಿಣದ ಗೂಟವನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಮುಂದಿನ ಹಲ್ಲಿನ ಚಕ್ರ ಎಂಜಿನ್ನನ್ನು ಕಚ್ಚುತ್ತದೆ, ಹಿಂದೆ ತಾಮ್ರದ ಬಿಲ್ಲೆ ಎರಡು ದಪ್ಪ ಬೋಲ್ಟುಗಳನ್ನು ಕೂಡಿಸುತ್ತದೆ. ಒಂದು ಬೋಲ್ಟಿಗೆ ಬ್ಯಾಟರಿಯ ಕೇಬಲ್, ಇನ್ನೊಂದರಿಂದ ಮೋಟಾರಿಗೆ. ಶೆಟ್ಟರು ಹೊಸ ಸೊಲೆನಾಯ್ಡ್ ತಂದು ಇದನ್ನೆಲ್ಲ ಚಾಚೂ ತಪ್ಪದೆ ಜೋಡಿಸಿದ್ದರು. ಮತ್ತೆ 'ಟಕ್'. ಇನ್ನೊಂದು ತಂದರು. ಅದೂ 'ಟಕ್'.

ಇದರಲ್ಲಿ ನಿಜಕ್ಕೂ ನೊಂದವಳು ಬ್ರಹ್ಮಾವರದಲ್ಲಿದ್ದ ಶೆಟ್ಟರ ಅಕ್ಕ, ಎಪ್ಪತ್ತೊಂಬತ್ತರ ಕುಸುಮಾವತಿ. ಅವರದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆತನ. ಹೊಸ ಅಕ್ಕಿಯ ಊಟಕ್ಕೆ, ಎಂದರೆ ಹೊಸ್ತಿಗೆ, ಹಿರಿಯ ಅಕ್ಕನ ಎಲೆಗೆ ಮೊದಲು ಬಡಿಸಬೇಕು. ಅವಳಿಗೋ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಬಾಡಿಗೆ ಕಾರಿನಲ್ಲಿ ಬರಲೂ ಒಲ್ಲಳು; ತವರಿನವರೇ ಬಂದು ಕರೆದೊಯ್ಯಬೇಕು. ಆದರೆ ಅವಳ ಮನೆಯಂಗಳ ಹಾಸಿದ ಚಾಪೆಯಷ್ಟು ಸಪಾಟು. ಶೆಟ್ಟರು ಒಂದು ವರ್ಷ ಹೆದ್ದಾರಿ ಕೆಲಸ ಎಂದರು, ಮರುವರ್ಷ ಜ್ವರ ಎಂದರು. ಹೀಗೇ ನಾಲ್ಕು ಹೊಸ್ತು ಅಕ್ಕನಿಲ್ಲದೆ ಕಳೆದುಹೋಯಿತು.

ಈ ಸಲ ಹೊಸ್ತಿಗೆ ನಾಲ್ಕು ದಿನ ಇರುವಾಗ ಗಟ್ಟಿ ಮನಸ್ಸು ಮಾಡಿ ಹೋದರು. ಅಂಗಳದಲ್ಲಿ ಎಂಜಿನ್ ಆಫ್ ಮಾಡದೆ, ಬಾಗಿಲು ಹಿಡಿದು ನಿಂತೇ ಕರೆದರು. ಅಕ್ಕ ಬೆಲ್ಲ-ನೀರು ತಂದಳು. ಅದನ್ನೂ ನಿಂತೇ ಕುಡಿದರು.

"ಅದನ್ನ ಎಂತಕ್ ಬಂದ್ ಮಾಡ್ಲಿಲ್ಲ?" ಎಂದಳು ಅಕ್ಕ.

"ಅರ್ಜೆಂಟ್ ಇತ್ ಅಕ್ಕ. ಬೇಗ ಹೊರಡ್."

"ಪೋಸ್ಟಿನವ್ನೂ ಒಂದ್ಗಳಿಗೆ ಕೂಕಂಡ್ ಹೋತ. ಒಡಹುಟ್ಟಿದವ ನೀನು, ಗಾಡಿ ಗುರ್ ಗುರ್ ಮಾಡ್ಕಂಡ್ ಕರೂಕೆ ಬಂದದ್ದಾ? ನಾ ಬತ್ತಿಲ್ಲೆ." ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಶೆಟ್ಟರು ನಾವುಂದದಲ್ಲಿ ನಿಲ್ಲಿಸಲಿಲ್ಲ. ಸೀದಾ ಬೈಂದೂರಿಗೆ ಹೋಗಿ, ಆಟೋ ಎಲೆಕ್ಟ್ರಿಷಿಯನ್ ಪ್ರೇಮಾನಂದನ ಅಂಗಡಿಯೆದುರು ಸಪಾಟು ನೆಲದಲ್ಲಿ ಎಂಜಿನ್ ಆಫ್ ಮಾಡಿ ಕೀಲಿಯನ್ನು ಅವನ ಕೈಗಿಟ್ಟರು. ಮೀಸೆ ಮಣ್ಣಾದರೆ ಆಗಲಿ ಎನ್ನಿಸಿಬಿಟ್ಟಿತ್ತು.

ಪ್ರೇಮಾನಂದ ಸೊಲೆನಾಯ್ಡನ್ನು ಮುಟ್ಟಲೇ ಇಲ್ಲ. ಬ್ಯಾಟರಿಯ ಮೈನಸ್ಸಿನಿಂದ ಎಂಜಿನ್ನಿನ ಮೈಗೆ ಒಂದು ಜಂಪರ್ ಕೇಬಲ್ ಸಿಕ್ಕಿಸಿ ಕೀಲಿ ತಿರುಗಿಸಿದ. ಕಾರು ತಟ್ಟನೆ ಎದ್ದಿತು. ಶೆಟ್ಟರು ಬಾಯಿ ತೆರೆದು ನೋಡಿದರು.

ಅವನು ಕಾರಿನಡಿಗೆ ನುಸುಳಿ ಎಂಜಿನ್ನಿನಿಂದ ಚಾಸಿಗೆ, ಅಂದರೆ ಕಾರಿನ ಕಬ್ಬಿಣದ ಚೌಕಟ್ಟಿಗೆ, ಹೋಗುವ ಅರ್ತ್ ಪಟ್ಟಿಯನ್ನು ಬಿಚ್ಚಿ ತಂದ. ಅದರ ಎರಡೂ ತುದಿಗೆ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. "ಇದೆಂತ ಶೆಟ್ರೇ?"

ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೆ ಅದನ್ನು ಬಳಿದರೆ ಉಪ್ಪುನೀರು ತಾಗುವುದಿಲ್ಲವೆಂದು ನೆರೆಯ ಮೀನುಗಾರರು ಹೇಳಿದ್ದರು. ಕಡಲಗಾಳಿಗೆ ಕಾರು ತುಕ್ಕು ಹಿಡಿಯದಿರಲೆಂದು ಶೆಟ್ಟರು ನಾಲ್ಕು ವರ್ಷದ ಹಿಂದೆ ಮಳೆಗಾಲಕ್ಕೆ ಮೊದಲು ಅಡಿಭಾಗಕ್ಕೆಲ್ಲ ಬಳಿದಿದ್ದರು. ಪಟ್ಟಿಯನ್ನೂ ಬಿಚ್ಚಿ, ಬೋಲ್ಟು ಕೂರುವ ಜಾಗಕ್ಕೂ ಎರಡು ಕೈ ಹಚ್ಚಿ, ಮತ್ತೆ ಬಿಗಿದಿದ್ದರು.

"ಕರೆಂಟ್ ಬಪ್ಪ ದಾರಿ ಸಮ ಮಾಡಿದ್ರಿ. ವಾಪಾಸ್ ಹೋಪ ದಾರಿಗೆ ನೀವೇ ಬೇಲಿ ಹಾಕಿದ್ರಿ, ಕಾಣಿ. ಸೊಲೆನಾಯ್ಡಿಗೆ ಒಂಚೂರ್ ಸಾಕ್, ಅದ್ ಟಕ್ ಅಂತ್. ಮೋಟಾರಿಗೆ ಸಾಕಾತಿಲ್ಲ." ಪ್ರೇಮಾನಂದ ಉಪ್ಪುಕಾಗದದಿಂದ ಎಣ್ಣೆಯನ್ನು ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಪಟ್ಟಿಯನ್ನು ಬಿಗಿದ. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ. ಶೆಟ್ಟರಿಗೆ ತುಂಬ ನಾಚಿಕೆಯಾಯಿತು.

ಹೊಸ್ತಿನ ಬೆಳಿಗ್ಗೆ ಅವರು ಅಕ್ಕನ ಅಂಗಳದಲ್ಲಿ ಎಂಜಿನ್ ಆಫ್ ಮಾಡಿ, ಚಪ್ಪಲಿ ಕಳಚಿ ಜಗಲಿ ಹತ್ತಿ ಕೂತರು. ಅಕ್ಕ ಸೀರೆ ಬದಲಿಸಿ ಬರುವವರೆಗೂ ಕಾದರು. ಅವಳು ಕಾರಿನಲ್ಲಿ ಕೂತ ಮೇಲೆ, ಇಳಿಜಾರು, ಎಣ್ಣೆ, ಸುಳ್ಳು ಜ್ವರ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಬೈಯುತ್ತಾಳೆಂದು ತಲೆ ತಗ್ಗಿಸಿಯೇ ಇದ್ದರು.

ಅಕ್ಕ ಬೈಯಲಿಲ್ಲ. "ನಾಲ್ಕ್ ಹೊಸ್ತು ಹೋಯ್ತ್ ಚಂದಯ್ಯ. ನಂಗೆ ಇನ್ನೆಷ್ಟ್ ಉಳ್ದಿತ್ ಅಂದ್ ಒಂದ್ಸಲ ಆದ್ರೂ ಯೋಚ್ನೆ ಮಾಡಿದ್ಯಾ?"

ಶೆಟ್ಟರು ಕೀಲಿ ತಿರುಗಿಸಿದರು. ಕಾರು ಒಂದೇ ಸಲಕ್ಕೆ ಎದ್ದಿತು.