ಒಂದು ದಿನ ಮುಂಚೆ ಬಂದ ಶುಭಾಶಯ

ಅಮೆರಿಕಕ್ಕೆ ಬಂದು ನೆಲೆಸಿದ ರಷ್ಯನ್ ಮಾತಿನವರ ನಮ್ಮ ಬ್ರೈಟನ್ ಬೀಚಿನಲ್ಲಿ ಮೀನಂಗಡಿಯವರು ಬಾಗಿಲು ತೆಗೆಯುವ ಮುಂಚೆಯೇ ರಿಮ್ಮಾ ಜಖಾರೊವ್ನಾ ಬಾಯಿ ತೆಗೆದಿರುತ್ತಾಳೆ. ಕೈಯಲ್ಲೊಂದು ಕೋಲು, ಕೋಲಿನ ತುದಿಯಲ್ಲಿ ಫೋನು, ತುಟಿಗೆ ಕ್ಯಾರೆಟ್ ಬಣ್ಣ. ಸಮುದ್ರದಂಚಿನ ಹಲಗೆ ಹಾದಿಯ ಮೇಲೆ ನಿಂತು, ಗಾಳಿಗೆ ಹಾರುವ ಟೋಪಿಯನ್ನು ಇನ್ನೊಂದು ಕೈಯಲ್ಲಿ ಒತ್ತಿ ಹಿಡಿದು, "ಹಲೋ, ಹಲೋ, ರಿಮ್ಮಾ ಲೈನಲ್ಲಿದಾಳೆ" ಎಂದಳೆಂದರೆ ಬೀದಿಯ ಅಡುಗೆಮನೆಗಳಲ್ಲೆಲ್ಲ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನುಗಳು ಒಟ್ಟಿಗೆ ಮಾತಾಡತೊಡಗುತ್ತವೆ. ಯಾವ ಅಂಗಡಿಯ ಉಪ್ಪಿನ ಸೌತೆಕಾಯಿ ನಿನ್ನೆಯದು, ಯಾವ ಔಷಧಿ ಅಂಗಡಿಯವಳು ಮುದುಕರ ಮೇಲೆ ರೇಗುತ್ತಾಳೆ, ಯಾರ ಮಗಳು ಯಾರ ಮಗನ ಜೊತೆ ಬೆಂಚಿನ ಮೇಲೆ ಕೂತು ಏನೂ ಮಾತಾಡದೆ ಐಸ್‌ಕ್ರೀಮ್ ತಿಂದಳು, ಎಲ್ಲವೂ ಅದರಲ್ಲಿ ಬರುತ್ತದೆ.

ಒಡೆಸ್ಸಾದಲ್ಲಿ ಅವಳು ಟ್ರಂಕ್ ಕಾಲ್ ಜೋಡಿಸುವ ಕೆಲಸದಲ್ಲಿದ್ದಳು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅರ್ಧ ಭೂಮಿಯನ್ನು ಇನ್ನರ್ಧಕ್ಕೆ ತಂತಿಯಲ್ಲಿ ಕಟ್ಟಿದವಳು. ಮಾಸ್ಕೋದಲ್ಲಿ ಬೆಳಗಿನ ಚಹಾ ಕುಡಿಯುವಾಗ ವ್ಲಾಡಿವೊಸ್ತೋಕಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿರುತ್ತಾರೆ ಎನ್ನುವುದು ಅವಳಿಗೆ ಗಡಿಯಾರ ನೋಡಿ ಗೊತ್ತಾಗಬೇಕಿಲ್ಲ, ಮೈಗೇ ಗೊತ್ತು. ದೇಶ ಹೋಯಿತು, ತಂತಿ ಹೋಯಿತು, ಗಂಡನೂ ಹೋದ. ದನಿ ಮಾತ್ರ ಉಳಿಯಿತು. ಆ ದನಿಗೆ ಮೈಕು ಬೇಕಿಲ್ಲ. ಬೀದಿಯ ಮೇಲೆ ಎತ್ತರಕ್ಕೆ ಕಟ್ಟಿದ ಕಬ್ಬಿಣದ ಹಳಿಯಲ್ಲಿ ರೈಲು ಗಡಗಡಿಸಿ ಹೋಗುವಾಗ ಬೀದಿಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕಾಯುತ್ತಾರೆ. ರಿಮ್ಮಾ ಕಾಯುವುದಿಲ್ಲ, ರೈಲೇ ಬೇಕಾದರೆ ಕಾಯಲಿ.

ನಗುವವರು ಇದ್ದಾರೆ. ಭಾನುವಾರ ಅಜ್ಜಿಯ ಕೈಯಡುಗೆ ಉಂಡು, ಡಬ್ಬಿ ಕಟ್ಟಿಸಿಕೊಂಡು ಹೋಗುವ ಮೊಮ್ಮಕ್ಕಳು ನಗುತ್ತಾರೆ. ವರ್ಷಕ್ಕೊಮ್ಮೆ ನದಿಯಾಚೆಯ ದೊಡ್ಡ ಪೇಟೆಯಿಂದ ನಮ್ಮ ಬೀದಿಯ "ಬಣ್ಣ" ಹುಡುಕಿಕೊಂಡು ಬರುವ ಪತ್ರಕರ್ತರು ನಗುತ್ತಾರೆ. ಅವರಿಗೆ ತುಪ್ಪಳದ ಕೋಟು ತೊಟ್ಟ ಮುದುಕಿಯೊಂದು ಸಿಕ್ಕರೆ ಸಾಕು, ಆ ಕೋಟಿನೊಳಗೆ ಇರುವವಳು ಬೇಕಿಲ್ಲ. ನಗಲಿ. ಹೋದ ಚಳಿಗಾಲದಲ್ಲಿ ನಮ್ಮ ಪಕ್ಕದ ಆರು ಮಹಡಿಯ ಕಟ್ಟಡದ ಲಿಫ್ಟ್ ಕೆಟ್ಟು ನಿಂತು, ಮಾಲೀಕ ಫೋನೆತ್ತದೆ ಕೂತಾಗ ಈ ನಗುವವರು ಎಲ್ಲಿದ್ದರು? ರಿಮ್ಮಾ ದಿನಾ ಹೋಗಿ ಆ ಮುಚ್ಚಿದ ಲಿಫ್ಟ್ ಬಾಗಿಲ ಮುಂದೆ ಫೋನು ಹಿಡಿದು ನಿಂತು, ರೈಲ್ವೆ ನಿಲ್ದಾಣದಲ್ಲಿ ಕೂಗುವ ಹಾಗೆ ಕೂಗುತ್ತಿದ್ದಳು: "ಐದನೇ ಮಹಡಿ, ಸೋಫಿಯಾ ಇಲಿನಿಚ್ನಾ, ಮಂಡಿನೋವು, ಬ್ರೆಡ್ಡಿಗೆ ಕಾಯ್ತಿದಾರೆ. ನಾಲ್ಕನೇ ಮಹಡಿ, ನೌಮ್ ಯೆಫ್ರೆಮೊವಿಚ್, ಹೃದಯ, ಸಮುದ್ರ ನೋಡಿ ತಿಂಗಳಾಯ್ತು." ಮಾಲೀಕನ ಅತ್ತೆಯೂ ರಿಮ್ಮಾಳನ್ನು ನೋಡುತ್ತಾಳೆ ಎನ್ನುವುದು ಮಾಲೀಕನಿಗೆ ತಡವಾಗಿ ತಿಳಿಯಿತು. ಲಿಫ್ಟ್ ಓಡಿತು.

ಅಂಥವಳಿಗೂ ಒಂದು ಚಟ. ಎಲ್ಲದರಲ್ಲೂ ತಾನೇ ಮೊದಲಾಗಬೇಕು. ಹಲ್ಲಿನ ಸೆಟ್ಟು ಮಾಡುವ ವಾದಿಕ್ ಕೂಡ ಎರಡು ವರ್ಷದಿಂದ ಫೋನು ಹಿಡಿದಿದ್ದಾನೆ. ಅವನ ಹತ್ತಿರ ಮೇಲೆ ಹಾರಿ ಚಿತ್ರ ತೆಗೆಯುವ ಯಂತ್ರವಿದೆ, ಹಿನ್ನೆಲೆ ಸಂಗೀತವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಊರಿನ ಬಾಯೆಲ್ಲ ಅವನ ಕೈಯಲ್ಲಿ ಹಾದುಹೋಗಿರುವುದರಿಂದ ಎಲ್ಲರ ಹುಟ್ಟಿದ ದಿನವೂ ಗೊತ್ತಿದೆ. ಯಾರದೇ ಹುಟ್ಟುಹಬ್ಬವಿರಲಿ, ಬೆಳಗಾಗುವಷ್ಟರಲ್ಲಿ ವಾದಿಕ್‌ನ ಶುಭಾಶಯ ಬಂದು ಕೂತಿರುತ್ತಿತ್ತು. ರಿಮ್ಮಾ ಎದ್ದು ಬಣ್ಣ ಹಚ್ಚಿಕೊಂಡು ಬರುವಷ್ಟರಲ್ಲಿ ಊರು ಆಗಲೇ ಚಪ್ಪಾಳೆ ತಟ್ಟಿ ಮುಗಿಸಿರುತ್ತಿತ್ತು.

ನೌಮ್ ಯೆಫ್ರೆಮೊವಿಚ್‌ಗೆ ತೊಂಬತ್ತು ತುಂಬುವುದಿತ್ತು. ಮಗಳು ಬೆಲ್ಲಾ ರೆಸ್ಟೋರೆಂಟಿನ ದೊಡ್ಡ ಹಾಲ್ ಹಿಡಿದಿದ್ದಳು. ಅದರ ಹಿಂದಿನ ದಿನ, ಮೇ ತಿಂಗಳ ಒಳ್ಳೆ ಬಿಸಿಲಿನ ಮಧ್ಯಾಹ್ನ, ರಿಮ್ಮಾ ಹಲಗೆ ಹಾದಿಯ ಮೇಲೆ ನಿಂತು ವಾದಿಕ್‌ನನ್ನು ಸೋಲಿಸುವ ಉಪಾಯ ಕಂಡುಕೊಂಡಳು.

"ಪ್ರಿಯ ನೌಮ್ ಯೆಫ್ರೆಮೊವಿಚ್! ಇಲ್ಲಿ ಇನ್ನೂ ಇವತ್ತು. ಆದ್ರೆ ವ್ಲಾಡಿವೊಸ್ತೋಕಲ್ಲಿ ಆಗ್ಲೇ ನಾಳೆ! ವ್ಲಾಡಿವೊಸ್ತೋಕ್ ಪರವಾಗಿ ನಿಮ್ಗೆ ತೊಂಬತ್ತರ ಶುಭಾಶಯ. ಎಲ್ಲರಿಗಿಂತ ಮೊದ್ಲು!"

ಹೇಳಿ ಮುಗಿಸಿ ನಕ್ಕಳು. ಕೋಲು ಮಡಚಿದಳು. ಆಮೇಲೆ ಅವಳ ಮುಖ ನಿಧಾನಕ್ಕೆ ಬಿಳಿಚಿತಂತೆ. ಮೀನಂಗಡಿಯ ಲ್ಯುದ್ಮಿಲಾ ಕಂಡಿದ್ದಾಳೆ.

ನಮ್ಮವರಲ್ಲಿ ಹುಟ್ಟುಹಬ್ಬಕ್ಕೆ ಒಂದು ಗಳಿಗೆ ಮುಂಚೆಯೂ ಶುಭಾಶಯ ಹೇಳುವುದಿಲ್ಲ. ಹೇಳಿದರೆ ಆ ದಿನವನ್ನು ಮನುಷ್ಯ ಕಾಣುವುದಿಲ್ಲ. ವೈದ್ಯರೂ ಹೇಳುವುದಿಲ್ಲ, ಗಣಿತದ ಮೇಷ್ಟ್ರುಗಳೂ ಹೇಳುವುದಿಲ್ಲ. ನೌಮ್ ಯೆಫ್ರೆಮೊವಿಚ್ ಅಂತೂ ಸೇತುವೆ ಕಟ್ಟಿದ ಎಂಜಿನಿಯರ್. ದೇವರಿಲ್ಲ ಎಂದು ಎರಡು ಭಾಷೆಯಲ್ಲಿ ವಾದಿಸಬಲ್ಲ. ಆದರೆ ಖಾಲಿ ಬಕೆಟ್ ಹಿಡಿದ ಹೆಂಗಸು ಎದುರಾದರೆ ತಿರುಗಿ ಮನೆಗೆ ಹೋಗಿಬಿಡುತ್ತಾನೆ. ಅದಕ್ಕೂ ಮಿಗಿಲಾಗಿ, ಅವನ ಹೆಂಡತಿ ತ್ಸೀಲ್ಯಾಳಿಗೆ ಅರವತ್ತು ತುಂಬುವುದು ಭಾನುವಾರವಿತ್ತು. ಕಚೇರಿಯವರು ರಜೆ ಬರುತ್ತದೆಂದು ಶುಕ್ರವಾರವೇ ಹೂಗುಚ್ಛ ಕೊಟ್ಟು ಕೇಕು ಕತ್ತರಿಸಿದ್ದರು. ಆ ಭಾನುವಾರವನ್ನು ತ್ಸೀಲ್ಯಾ ನೋಡಲಿಲ್ಲ.

ಇದು ರಿಮ್ಮಾಳಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಮುದುಕ ವಿಡಿಯೋ ನೋಡಿದ. ಫೋನನ್ನು ಮಗುಚಿಟ್ಟ. ಕನ್ನಡಕ ತೆಗೆದು, ಗೋಡೆ ಕಡೆ ಮುಖ ಮಾಡಿ ಮಲಗಿದ. ಬೆಲ್ಲಾ ಸೂಪು ತಂದಳು. "ಬೇಡ" ಅಂದ. ಹಾಲ್‌ಗೆ ಜನ ಬರುವುದನ್ನು ನೆನಪಿಸಿದಳು. "ಬರ್ಲಿ ಬಿಡು. ಬಂದೋರಿಗೆ ಊಟ ಹಾಕು. ಹುಟ್ಟುಹಬ್ಬಕ್ಕೂ ತಿಥಿಗೂ ಒಂದೇ ಊಟ ಆಗುತ್ತೆ," ಅಂದ. ಬೆಲ್ಲಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಅತ್ತ ರಿಮ್ಮಾ ವಿಡಿಯೋ ಅಳಿಸಿದಳು. ಆದರೆ ಆಡಿದ ಮಾತನ್ನು ಅಳಿಸುವ ಗುಂಡಿ ಯಾವ ಫೋನಿನಲ್ಲಿದೆ? ಜನ ಬರೆಯತೊಡಗಿದರು. "ಕೊಲೆಗಾತಿ." "ಮುದುಕನ ಪ್ರಾಣಕ್ಕಿಂತ ಲೈಕು ಹೆಚ್ಚಾಯ್ತಾ?" "ನಾಲಿಗೆಗೆ ಬೀಗ ಹಾಕ್ಕೋ." ಬರೆದವರ ಹೆಸರುಗಳನ್ನು ನಾನು ಒಂದೊಂದಾಗಿ ಓದಿದೆ. ಇವರಲ್ಲಿ ಲಿಫ್ಟ್ ಕೆಟ್ಟಿದ್ದಾಗ ಮುದುಕನಿಗೆ ಒಂದು ಪೊಟ್ಟಣ ಹಾಲು ಹೊತ್ತು ಆ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ? ಒಬ್ಬರೂ ಇಲ್ಲ. ಹತ್ತಿದ್ದವಳು ರಿಮ್ಮಾ, ಮಹಡಿ ಮಹಡಿಗೂ ಕೂತು ಏದುಸಿರು ಬಿಟ್ಟುಕೊಂಡು. ಕೆಲಸ ಮಾಡಿದವರ ತಪ್ಪಿಗಾಗಿ ಕಾದು ಕೂತವರ ಕರುಣೆಯಷ್ಟು ಚುರುಕಾದದ್ದು ಲೋಕದಲ್ಲಿ ಮತ್ತೊಂದಿಲ್ಲ.

ರಿಮ್ಮಾ ಸಮರ್ಥನೆಯ ಒಂದು ಮಾತೂ ಬರೆಯಲಿಲ್ಲ. ಸೀದಾ ನಾಲ್ಕನೇ ಮಹಡಿಗೆ ಹೋದಳು. ಮುದುಕನ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಅಲ್ಲಿ ಮುದುಕನ ಡಾಮಿನೋ ಆಟದ ಗೆಳೆಯ ಜಿನೋವಿಯೂ ಇದ್ದ. ಅವನೂ ಆಗಲೇ ಬಡಿದು ಸುಸ್ತಾಗಿ, ಹೊರಗೆ ಸ್ಟೂಲಿನ ಮೇಲೆ ಕೂತಿದ್ದ.

"ನೌಮ್ ಯೆಫ್ರೆಮೊವಿಚ್, ನಾನು ರಿಮ್ಮಾ. ಕ್ಷಮಿಸ್ಬಿಡಿ."

ಮತ್ತೆ ಬಾಗಿಲು ತಟ್ಟಿದಳು.

"ನಾನು ಹೇಳಿದ್ದು ವ್ಲಾಡಿವೊಸ್ತೋಕ್ ಲೆಕ್ಕ. ಅಲ್ಲಿ ನಿಜವಾಗ್ಲೂ ನಾಳೆ ಆಗಿತ್ತು. ಹಾಗೆ ನೋಡಿದ್ರೆ ಮುಂಚೆ ಹೇಳ್ದಂಗೆ ಆಗ್ಲಿಲ್ಲ."

"ನಾನು ಹುಟ್ಟಿದ್ದು ಗೋಮೆಲಲ್ಲಿ!" ಒಳಗಿನಿಂದ ಕ್ಷೀಣವಾಗಿ ಬಂತು. "ವ್ಲಾಡಿವೊಸ್ತೋಕಲ್ಲಿ ನನ್ಗೆ ನೆಂಟರೂ ಇಲ್ಲ."

"ದೋಷ ಹೋಗ್ಲಿ ಅಂತ ಮೂರು ಸಲ ಎಡಗಡೆ ಉಗಿದಿದೀನಿ. ಮರ ಮುಟ್ಟಿದೀನಿ."

"ತ್ಸೀಲ್ಯಾಗೂ ಎಲ್ರೂ ಮರ ಮುಟ್ಟಿದ್ರು."

ರಿಮ್ಮಾ ಹಣೆಯನ್ನು ಬಾಗಿಲಿಗೆ ಒತ್ತಿ ನಿಂತಳು. ಬೆಲ್ಲಾ ಅವಳನ್ನು ಬೈಯಲೂ ಇಲ್ಲ, ಕೂರು ಅನ್ನಲೂ ಇಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ ದನಿ: "ಬೆಲ್ಲಾ, ನನ್ನ ನೀಲಿ ಸೂಟು ಇಸ್ತ್ರಿ ಮಾಡ್ಸು. ಅದ್ರಲ್ಲೇ ಕಳಿಸಿ."

ಆಗ ರಿಮ್ಮಾಳಿಗೆ ರೇಗಿತು. ಮರುಕಪಟ್ಟಿದ್ದು ಸಾಕಾಗಿ ಹೋಯಿತು.

"ನೌಮ್ ಯೆಫ್ರೆಮೊವಿಚ್, ನೀವೊಬ್ರು ಮೊಂಡು ಹೇಸರಗತ್ತೆ! ಮಗಳನ್ನ ಅಳಿಸ್ಕೊಂಡು ಗೋಡೆ ನೋಡ್ತಾ ಮಲಗೋರು ಎಂಥಾ ಅಪ್ಪ ಕಣ್ರಿ! ನೀಲಿ ಸೂಟಂತೆ! ಆ ಸೂಟು ನಿಮ್ಗೆ ಯಾವತ್ತೂ ಸರಿಹೋಗಿಲ್ಲ, ಗೂಟಕ್ಕೆ ನೇತಾಕಿದಂಗೆ ಕಾಣ್ತೀರಿ!"

ಬೈಯುವಾಗಲೂ ಬಹುವಚನ ಬಿಡಲಿಲ್ಲ. ಅಪ್ಪನ ಹೆಸರು ಸೇರಿಸಿ ಕರೆದವರನ್ನು ಏಕವಚನದಲ್ಲಿ ಬೈಯುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಒಳಗೆ ಮಂಚ ಕಿರುಗುಟ್ಟಿತು. "ಸೂಟಿಗೇನಾಗಿದೆ?" ಈ ಸಲ ದನಿ ಅಷ್ಟು ಕ್ಷೀಣವಾಗಿರಲಿಲ್ಲ.

ಜಿನೋವಿ ಸ್ಟೂಲಿನಿಂದ ಎದ್ದ. ರಿಮ್ಮಾಳ ತೋಳು ಹಿಡಿದು ಪಿಸುಗುಟ್ಟಿದ: "ನಿಲ್ಲಿಸ್ಬೇಡಿ. ನಾನು ಚಿಕ್ಕೋನಾಗಿದ್ದಾಗ ಯಾರಾದ್ರೂ ಮುದ್ದಾಗಿದಾನೆ ಅಂದ್ರೆ ನಮ್ಮಜ್ಜಿ ತಕ್ಷಣ 'ಎಲ್ಲಿಯ ಮುದ್ದು, ಕಪ್ಪೆ ಮೂತಿ' ಅಂತಿದ್ಲು. ಹೊಗಳಿಕೆ ತಗುಲಿದ್ರೆ ಬೈಗುಳದಿಂದ್ಲೇ ಇಳೀಬೇಕು."

ದೃಷ್ಟಿ ತೆಗೆಯುವುದಕ್ಕೆ ನಿಮ್ಮಲ್ಲಿ ಉಪ್ಪು ಮೆಣಸಿನಕಾಯಿ ಇದೆ. ನಮ್ಮಲ್ಲಿ ಬಾಯಿ ಇದೆ. ಅದೇ ಸಂಜೆ ರಿಮ್ಮಾ ಕಟ್ಟಡದ ಹಿಂದಿನ ಅಂಗಳದಲ್ಲಿ, ಮುದುಕನ ಕಿಟಕಿಯ ನೇರ ಕೆಳಗೆ ನಿಂತು ಕೋಲು ಬಿಚ್ಚಿದಳು.

"ಕೇಳ್ರಪ್ಪಾ. ಇವತ್ತು ನಾನು ತಪ್ಪು ಮಾಡಿದೀನಿ. ಒಳ್ಳೇದು ಹೇಳ್ಬಾರದ ಹೊತ್ತಲ್ಲಿ ಒಳ್ಳೇದು ಹೇಳಿದೀನಿ. ಈಗ ಅದನ್ನ ವಾಪಸ್ ತಗೋತಿದೀನಿ. ನೌಮ್ ಯೆಫ್ರೆಮೊವಿಚ್ ಮೇಲೆ ಯಾರ್ಯಾರಿಗೆ ಏನೇನು ಸಿಟ್ಟಿದೆ, ಎಲ್ರೂ ಅಂಗಳಕ್ಕೆ ಬನ್ನಿ. ಮನೇಲಿ ಕೂತು ನನ್ನ ಬೈದಿದ್ದು ಸಾಕು, ಇಲ್ಲಿ ಬಂದು ಅವ್ರನ್ನ ಬೈಯಿರಿ."

ಬಂದರು. ಬಂದೇ ಬಂದರು. ಬಿಟ್ಟಿ ಬೈಯಲು ಸಿಕ್ಕಿದ ಅವಕಾಶವನ್ನು ನಮ್ಮ ಬೀದಿ ಇದುವರೆಗೆ ಬಿಟ್ಟುಕೊಟ್ಟದ್ದಿಲ್ಲ. ಏಪ್ರನ್ ಕಟ್ಟಿಕೊಂಡೇ ಲ್ಯುದ್ಮಿಲಾ ಬಂದಳು, ಮಂಡಿನೋವಿನ ಸೋಫಿಯಾ ಇಲಿನಿಚ್ನಾ ತನ್ನ ಕುರ್ಚಿ ತಾನೇ ತಂದಳು. ವಾದಿಕ್ ಹಾರುವ ಯಂತ್ರ ಎತ್ತಿಕೊಂಡು ಓಡಿ ಬಂದ.

"ನಿನ್ನ ಡಬ್ಬ ಕೆಳಗಿಡು," ಎಂದಳು ರಿಮ್ಮಾ. "ಮುದುಕ್ರ ಕಿಟಕಿ ಮುಂದೆ ಗುಂಯ್ ಅನ್ನಿಸ್ಬೇಡ. ಬಾಯಿದ್ರೆ ಬೈ."

ಜಿನೋವಿ ಶುರು ಮಾಡಿದ. "ಲೋ ನೌಮ್! ಡಾಮಿನೋದಲ್ಲಿ ಡಬ್ಬಲ್ ಆರರ ಬಿಲ್ಲೇನ ತೋಳೊಳಗೆ ಇಟ್ಕೊಂಡು ಆಡ್ತೀಯ. ಇಪ್ಪತ್ತು ವರ್ಷದಿಂದ ಗೊತ್ತು ನನ್ಗೆ!"

ಕಿಟಕಿಯ ಪರದೆ ಅಲುಗಿತು.

ಲ್ಯುದ್ಮಿಲಾ ಸೊಂಟದ ಮೇಲೆ ಕೈಯಿಟ್ಟಳು. "ಹೊಗೆ ಹಾಕಿದ ಬಂಗಡೆ ಒಂದೊಂದನ್ನೂ ಹೆಬ್ಬೆಟ್ಟಲ್ಲಿ ಒತ್ತಿ ಒತ್ತಿ ನೋಡಿ, ಕೊನೆಗೆ ಒಂದು ಬಾಲ ತಗೊಂಡು ಹೋಗ್ತಾರೆ! ಆ ಹೆಬ್ಬೆಟ್ಟಿನ ಗುರುತಿರೋ ಮೀನನ್ನ ನಾನು ಯಾರಿಗೆ ಮಾರ್ಲಿ?"

"ಅರವತ್ತು ಹಲ್ಲು ಕಟ್ಕೊಟ್ಟಿರ್ಬೇಕು ನಾನು," ಎಂದ ವಾದಿಕ್, "ಒಂದೂ ಸರಿಯಿಲ್ಲ ಅಂತ ವಾಪಸ್ ತರ್ತಾರೆ!"

"ಅರವತ್ತಾ? ಮನುಷ್ಯನಿಗೋ ಮೊಸಳೆಗೋ?" ಎಂದಳು ಸೋಫಿಯಾ ಇಲಿನಿಚ್ನಾ. ಅಂಗಳ ನಕ್ಕಿತು.

ಕಿಟಕಿ ತೆರೆಯಿತು. ಪಟ್ಟೆ ಪೈಜಾಮದ ಮುದುಕ ತಲೆ ಹೊರಗೆ ಹಾಕಿದ. "ಜಿನೋವಿ! ತೋಳೊಳಗೆ ಅಂದ್ಯಾ? ಬೇಸಿಗೇಲಿ ನಾನು ತೋಳಿಲ್ಲದ ಬನಿಯನ್ ಹಾಕೋದು, ಕಣ್ಣು ಕಾಣಲ್ವಾ ನಿನ್ಗೆ?"

"ಚಳಿಗಾಲದ್ದು ಹೇಳ್ತಿದೀನಿ!"

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಮುದುಕ ಕಿಟಕಿ ಮುಚ್ಚಲು ಕೈ ಚಾಚಿದ್ದನ್ನು ರಿಮ್ಮಾ ಕಂಡಳು. ಒಳಗೆ ಹೋದರೆ ಮತ್ತೆ ಗೋಡೆ. ಅವಳು ಫೋನನ್ನು ಕೆಳಗಿಳಿಸಿ, ಹಳೇ ಕೆಲಸದ ದನಿಯಲ್ಲಿ, ಒಂದೊಂದೇ ಪದ ಎಣಿಸಿಕೊಟ್ಟ ಹಾಗೆ ಹೇಳಿದಳು:

"ಅಷ್ಟೇ ಅಲ್ಲ. ನೌಮ್ ಯೆಫ್ರೆಮೊವಿಚ್ ಕಟ್ಟಿದ ಸೇತುವೆ ಸೊಟ್ಟಗಿದೆಯಂತೆ."

ಜಿನೋವಿ ಕೂಡ ತಲೆ ತಗ್ಗಿಸಿದ. ಮುದುಕನ ಮುಖ ಬೀಟ್‌ರೂಟ್ ಬಣ್ಣಕ್ಕೆ ತಿರುಗಿತು, ಕಿಟಕಿ ಖಾಲಿಯಾಯಿತು. ಬೆಲ್ಲಾ ಒಳಗೆ "ಅಪ್ಪಾ, ಅಪ್ಪಾ, ಚಪ್ಪಲಿ!" ಎಂದು ಕೂಗಿದ್ದು ಕೆಳಗೆ ಕೇಳಿಸಿತು. ಏನೋ ಆಗಿಹೋಯಿತು ಎಂದೇ ನಾವೆಲ್ಲ ಅಂದುಕೊಂಡೆವು. ರಿಮ್ಮಾ ಗೋಡೆ ಹಿಡಿದು ನಿಂತಳು.

ಹಿಂಬಾಗಿಲು ಧಡ್ ಎಂದು ತೆರೆಯಿತು. ಪೈಜಾಮ, ಒಂದೇ ಕಾಲಿಗೆ ಚಪ್ಪಲಿ, ಕೈಯಲ್ಲಿ ಊರುಗೋಲು; ಆದರೆ ಊರುತ್ತಿರಲಿಲ್ಲ, ಬೀಸುತ್ತಿತ್ತು.

"ಯಾರು ಹೇಳಿದ್ದು ಸೊಟ್ಟ ಅಂತ? ಆ ಸೇತುವೆ ಮೇಲೆ ಇವತ್ತಿಗೂ ಲಾರಿ ಓಡ್ತಿವೆ! ಯುದ್ಧ ಮುಗಿದ ಮೇಲೆ ಆ ನದಿಗೆ ದೋಣಿ ಬಿಟ್ಟು ಬೇರೆ ದಾರಿ ಇರ್ಲಿಲ್ಲ. ಬಸುರಿ ಹೆಂಗಸ್ರು ದೋಣೀಲಿ ಹೆರ್ತಿದ್ರು. ನೀವು, ರಿಮ್ಮಾ ಜಖಾರೊವ್ನಾ, ಫೋನಿನ ತಂತಿ ಚುಚ್ಕೊಂಡು ಕೂತಿದ್ದೋರು, ನಿಮ್ಗೇನು ಗೊತ್ತು ಕಮಾನು ಅಂದ್ರೆ? ಒಂದು ಕಡ್ಡಿ ಕೊಡಿ, ತೋರಿಸ್ತೀನಿ!"

ಅಂಗಳದ ಮಣ್ಣಿನಲ್ಲಿ ಊರುಗೋಲಿನಿಂದ ಕಮಾನು ಬರೆದ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ವಾದಿಕ್‌ಗೆ ಎರಡು ಸಲ, ಲ್ಯುದ್ಮಿಲಾಗೆ ಮೂರು ಸಲ ಹೇಳಿಕೊಟ್ಟ. ಯಾರೋ ಇನ್ನೊಂದು ಚಪ್ಪಲಿ ತಂದರು. ಬೆಲ್ಲಾ ತಂದ ಸೂಪನ್ನು ನಿಂತಲ್ಲೇ, ಮಾತಿನ ಮಧ್ಯೆ, ಬಟ್ಟಲಲ್ಲೇನಿದೆಯೆಂದು ನೋಡದೆ ಕುಡಿದು ಮುಗಿಸಿದ. ಬಿಸಿಲು ಇಳಿದರೂ ಅಂಗಳ ಖಾಲಿಯಾಗಲಿಲ್ಲ.

ಮಾರನೆ ದಿನ ಹಾಲ್ ತುಂಬಿತ್ತು. ಮೇಜಿನ ತುಂಬ ಹೆರಿಂಗ್ ಮೀನು, ಬೇಯಿಸಿದ ದನದ ನಾಲಿಗೆ, ಬದನೆಕಾಯಿ. ನೀಲಿ ಸೂಟಿನಲ್ಲಿ ನೌಮ್ ಯೆಫ್ರೆಮೊವಿಚ್ ಬಂದು ಕೂತಾಗ ಯಾರೂ ಬಾಯಿ ಬಿಡಲಿಲ್ಲ. ದಿನ ಸರಿಯಾಗಿಯೇ ಇತ್ತು, ಆದರೂ ಮೊದಲು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ; ವಾದಿಕ್‌ಗೂ ಇರಲಿಲ್ಲ. ರಿಮ್ಮಾ ಅಡುಗೆಮನೆಯ ಬಾಗಿಲ ಹತ್ತಿರದ ಮೂಲೆ ಮೇಜಿನಲ್ಲಿ, ಮಿರುಗುವ ಹಸಿರು ಉಡುಪು ತೊಟ್ಟು, ಕೈಚೀಲದ ಬಾಯಿ ಬಿಗಿದು ಕೂತಿದ್ದಳು.

ಮುದುಕ ಎದ್ದು ನಿಂತು ಹಾಲ್‌ನೆಲ್ಲ ಕಣ್ಣಲ್ಲಿ ಹುಡುಕಿದ.

"ರಿಮ್ಮಾ ಜಖಾರೊವ್ನಾ, ಯಾಕೆ ಸುಮ್ನೆ ಕೂತಿದೀರಿ? ಹುಷಾರಿಲ್ವಾ?"

"ಚೆನ್ನಾಗಿದೀನಿ. ನಿಮ್ಗೆ ಮತ್ತೇನೂ ತೊಂದ್ರೆ ಆಗ್ಬಾರ್ದು ಅಂತ."

"ಇಲ್ಲಿ ಬನ್ನಿ, ನನ್ನ ಪಕ್ಕ. ಗೋಮೆಲಲ್ಲಿ ಇನ್ನೂ ನನ್ನ ತಂಗಿ ಇದಾಳೆ, ಫೋನ್ ಹಿಡ್ಕೊಂಡು ಕಾಯ್ತಿದಾಳೆ. ನಾನಿದೀನಿ ಅಂತ ಅವ್ಳಿಗೆ ಯಾರು ತೋರಿಸ್ತಾರೆ?"

ಅವಳು ಎದ್ದು ಹೋದಳು. ಕೈಚೀಲದಿಂದ ಫೋನು ತೆಗೆದು ಮುದುಕನ ಮುಖಕ್ಕೆ ಹಿಡಿದಳು. ಅಣ್ಣನ ಮುಖ ಕಾಣುತ್ತಿದೆ ಎಂದು ಗೋಮೆಲಿನಿಂದ ತಂಗಿ ಬರೆದಳು. ಎರಡನೇ ಲೋಟ ಎತ್ತುವಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಮುದುಕ ಅದನ್ನು ಗಮನಿಸಲಿಲ್ಲ. ತಂಗಿಯ ಜೊತೆ ಬಾಲ್ಯದ ಚೆರ್ರಿ ಮರದ ಸುದ್ದಿ ಎತ್ತಿ ಮಾತಾಡುತ್ತಲೇ ಇದ್ದ. ರಿಮ್ಮಾ ವಾದಿಕ್ ಕಡೆ ತಿರುಗಿ, ತುಟಿ ಅಲುಗದ ಹಾಗೆ, "ನಿನ್ನ ಫೋನ್ ತಾ, ಬೇಗ," ಅಂದಳು. ವಾದಿಕ್ ತನ್ನ ಫೋನು ತೆಗೆದು ಅವಳ ಕೈಗಿಟ್ಟ.