ಅರ್ಧ ಡಬ್ಬ ಸುಣ್ಣ

ನಾವು ಓದುವಾಗ ಪಿ.ಟಿ. ಅಂತ ಯಾರೂ ಅನ್ನುತ್ತಿರಲಿಲ್ಲ, ಡ್ರಿಲ್ ಅನ್ನುತ್ತಿದ್ದೆವು. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ದಿನದ ಕೊನೆಯ ಪೀರಿಯಡ್ಡು ಅದು. ಆಟದ ಸಾಮಾನು ಅಂತ ಇದ್ದದ್ದು ಗಾಳಿ ನಿಲ್ಲದ ಒಂದು ಫುಟ್‌ಬಾಲು, ತುಕ್ಕು ಹಿಡಿದ ಒಂದು ಕಬ್ಬಿಣದ ಗುಂಡು, ಹೆಡ್‌ಮಾಸ್ಟರ ಬೀರುವಿನ ಮೇಲೆ ಧೂಳು ಕುಡಿಯುತ್ತಾ ಬಿದ್ದಿದ್ದ ಲೇಜಿಮ್ಮುಗಳು. ಲೆಕ್ಕದ ಪಾಠ ಮುಗಿಯದಿದ್ದರೆ ಆ ಮೇಷ್ಟ್ರು ಡ್ರಿಲ್ಲನ್ನೂ ನುಂಗಿ ನೀರು ಕುಡಿಯುತ್ತಿದ್ದರು. ನುಂಗದ ದಿನ ಗಂಡು ಹುಡುಗರು ಬಯಲಿಗೆ ನುಗ್ಗುತ್ತಿದ್ದರು. ನಾವು ಹೆಣ್ಣುಮಕ್ಕಳು ಮೊದಲು ಕಲ್ಲು ಆಯಬೇಕು, ಹೊಂಗೆ ಸಸಿಗಳಿಗೆ ನೀರು ಹೊರಬೇಕು, ಆಮೇಲೂ ಹೊತ್ತು ಉಳಿದರೆ ಲಂಗ ಎತ್ತಿ ಸಿಕ್ಕಿಸಿ ಖೋ ಖೋ.

ಈಗ ನಾನು ಚಿಕ್ಕಬಳ್ಳಾಪುರದಲ್ಲಿದ್ದೇನೆ. ಮಗಳ ಶಾಲೆಯಲ್ಲಿ ಆಟಕ್ಕೇ ಬೇರೆ ಶೂ, ಬೇರೆ ಬಟ್ಟೆ. ಸ್ಪೋರ್ಟ್ಸ್ ಡೇ ದಿನ ತಾಯಂದಿರಿಗೂ ಒಂದು ಓಟ ಇಡುತ್ತಾರೆ. ಮಗಳು ಪ್ರತಿವರ್ಷ ಕೈ ಹಿಡಿದು ಎಳೆಯುತ್ತಾಳೆ, ನಾನು ಮಂಡಿನೋವಿನ ನೆಪ ಹೇಳಿ ಕುರ್ಚಿ ಬಿಟ್ಟು ಏಳುವುದಿಲ್ಲ. ನನ್ನ ಮೈ ನೋಡಿದವರು ಅದನ್ನು ನಂಬುತ್ತಾರೆ. ನಿಜ ಏನೆಂದರೆ, ಬಿಳೀ ಗೆರೆ ಎಳೆದ ಬಯಲಿಗೆ ಕಾಲಿಡಲು ನನಗೆ ಭಯ. ಮೂವತ್ತು ವರ್ಷದ ಮೇಲಾಯಿತು, ಆ ಭಯ ಒಂದು ಕೂದಲೆಳೆಯಷ್ಟೂ ಸವೆದಿಲ್ಲ.

ನಮ್ಮಪ್ಪನದು ಊರ ಬಾಗಿಲಲ್ಲಿ ದಿನಸಿ ಅಂಗಡಿ. ಹುರಿಗಡಲೆ, ಬೆಲ್ಲ, ಕಡಲೆಕಾಯಿ ಸದಾ ಕೈಗೆ ಎಟುಕುತ್ತಿದ್ದುದರಿಂದ ನಾನು ಏಳನೇ ಕ್ಲಾಸಿಗೆ ಬರುವಷ್ಟರಲ್ಲಿ ದುಂಡಗಾಗಿದ್ದೆ. ಹುಡುಗರು ಬೆಲ್ಲದ ಮೂಟೆ ಅನ್ನುತ್ತಿದ್ದರು. ಡ್ರಿಲ್ ಮೇಷ್ಟ್ರು ತೊಂಡೇಬಾವಿ ಕಡೆಯವರು, ಒಣಕಲು ಆಳು, ಅರ್ಧ ಕನ್ನಡ ಅರ್ಧ ತೆಲುಗು. "ಪರಿಗೆತ್ತಮ್ಮ ಅಂಗಡಿ ಸುಧಾ, ಪರಿಗೆತ್ತು! ಓಡ್ತಿದೀಯೋ ಉರುಳ್ತಿದೀಯೋ?" ಅಂತ ಬಯಲಿನ ಆ ತುದಿಯಿಂದ ಕೂಗುವರು. ಇಡೀ ಶಾಲೆ ನಗುತ್ತಿತ್ತು. ಡ್ರಿಲ್ ಕ್ಲಾಸು ಮಕ್ಕಳ ಮೈ ಗಟ್ಟಿ ಮಾಡುತ್ತದೆ ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನ್ನಂಥವರ ಮೈಯನ್ನು ಅದು ಗಟ್ಟಿ ಮಾಡಲಿಲ್ಲ, ಮೈಯನ್ನು ಬಚ್ಚಿಡುವುದು ಹೇಗೆ ಅಂತ ಕಲಿಸಿತು ಅಷ್ಟೆ.

ಆದರೆ ರತ್ನನನ್ನು ನೆನೆದರೆ ಆ ಮಾತನ್ನೂ ಪೂರ್ತಿ ಹೇಳಲಾರೆ. ರತ್ನ ನಮ್ಮ ಹಿಂದಿನ ಬೀದಿಯವಳು, ರೇಷ್ಮೆ ಹುಳ ಮೇಯಿಸುವ ಮನೆಯ ಒಬ್ಬಳೇ ಮಗಳು, ನನ್ನ ಜೀವದ ಗೆಳತಿ. ಕ್ಲಾಸಿನಲ್ಲಿ ಕೊನೇ ಬೆಂಚು. ಭಾಗಾಕಾರ ಅಂದರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಗಂಟೆ ಹೊಡೆದು ಬಯಲಿಗೆ ಇಳಿದಳೋ, ಅವಳೇ ಬೇರೆ. ಖೋ ಖೋದಲ್ಲಿ ಕಂಬ ಸುತ್ತಿ ತಿರುಗುವಾಗ ಅವಳ ಜಡೆ ಮಾತ್ರ ಕೈಗೆ ಸಿಗುವಂತೆ ಕಾಣುತ್ತಿತ್ತು, ಅದೂ ಸಿಗುತ್ತಿರಲಿಲ್ಲ. ನನ್ನನ್ನು ನೋಡಿ ನಗದೇ ಇದ್ದವಳು ಇಡೀ ಶಾಲೆಯಲ್ಲಿ ಅವಳೊಬ್ಬಳೇ. ರೌಂಡು ಹೊಡೆಯುವಾಗ ಬೇಕಂತಲೇ ನಿಧಾನ ಮಾಡಿ ನನ್ನ ಪಕ್ಕದಲ್ಲೇ ಬರುವಳು, "ಮೂಗಲ್ಲಿ ಉಸಿರು ಬಿಡೇ" ಅಂತ ಹೇಳಿಕೊಡುವಳು.

ಆ ವರ್ಷ ಶ್ರಾವಣದಲ್ಲಿ ಹೋಬಳಿ ಮಟ್ಟದ ಆಟಗಳು ನಮ್ಮ ಶಾಲೆಯಲ್ಲೇ ಅಂತ ಗೊತ್ತಾಯಿತು. ಮೇಷ್ಟ್ರಿಗೆ ರೆಕ್ಕೆ ಬಂದಂತಾಯಿತು. ಗೆರೆ ಎಳೆಯಲು ಸುಣ್ಣದ ಪುಡಿ ಬೇಕಲ್ಲ. ಒಬ್ಬೊಬ್ಬರೂ ಒಂದೊಂದು ಡಬ್ಬ ತರಬೇಕು, ಡಬ್ಬ ತುಂಬದಿದ್ದರೆ ಹತ್ತು ರೌಂಡು ಅಂತ ಅಪ್ಪಣೆ ಆಯಿತು. ಊರ ಮಕ್ಕಳೆಲ್ಲ ನಮ್ಮ ಅಂಗಡಿಗೇ ಬಂದು ಸುಣ್ಣ ಕೊಂಡುಹೋದರು. ಮಾರನೇ ಮಧ್ಯಾಹ್ನ ಊಟಕ್ಕೆ ಬಂದವಳು ನನ್ನ ಪಾಲಿಗೆ ಅಂತ ಮೂಟೆ ಕೊಡವಿದರೆ ಬಿದ್ದದ್ದು ಅರ್ಧ ಡಬ್ಬ. ಅಪ್ಪ ಶಿಡ್ಲಘಟ್ಟಕ್ಕೆ ಸಾಮಾನು ತರಲು ಹೋಗಿದ್ದರು. ಹತ್ತು ರೌಂಡು ಕಣ್ಣೆದುರು ಬಂತು. ಆ ನಗು, ಆ ಕೂಗು ಎಲ್ಲ ಬಂತು. ಮೂಲೆಯ ಹಲಗೆಯ ಮೇಲೆ ಇರುವೆ ಪುಡಿ ಇತ್ತು, ಅದೂ ಬೆಳ್ಳಗೇ ಇತ್ತು. ಉಳಿದರ್ಧ ಡಬ್ಬಕ್ಕೆ ಅದನ್ನು ಸುರಿದು, ಕಡ್ಡಿಯಲ್ಲಿ ಕಲಸಿ, ಮುಚ್ಚಳ ಹಾಕಿದೆ.

ಆ ಪುಡಿ ಕೇಳಿದವರಿಗೆಲ್ಲ ಅಪ್ಪ ಪೊಟ್ಟಣ ಕಟ್ಟುತ್ತಾ ಒಂದೇ ಮಾತು ಹೇಳುತ್ತಿದ್ದರು: "ಹುಳದ ಮನೆ ಹತ್ರಕ್ಕೂ ತಗೊಂಡೋಗ್ಬೇಡಪ್ಪ, ಒಂದು ಹುಳಾನೂ ಉಳಿಯಲ್ಲ." ಹುಟ್ಟಿದಾಗಿನಿಂದ ಕೇಳಿದ ಮಾತು. ಅವತ್ತು ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ನೆನಪಾಯಿತು, ಶಾಲೆಯ ಬಯಲಿನಲ್ಲಿ ಹುಳ ಎಲ್ಲಿಂದ ಬರಬೇಕು ಅಂದುಕೊಂಡೆ.

ಬಯಲಿಗೆ ಬಂದರೆ ರತ್ನ ಮನೆಯಿಂದ ಸೊಪ್ಪಿನ ಮಂಕರಿ ತಂದಿದ್ದಳು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತುಂಬಿ ಹಾಕುವ ಬಿದಿರಿನ ಬುಟ್ಟಿ. ಅದರಲ್ಲಿ ಸುಣ್ಣ ತುಂಬಿ ಹಗ್ಗದ ಗುಂಟ ತಟ್ಟುತ್ತಾ ಹೋದರೆ ಸಂದಿಯಿಂದ ಸಣ್ಣಗೆ ಉದುರಿ ಗೆರೆ ಬೀಳುತ್ತದೆ ಅಂತ ಅವಳದೇ ಉಪಾಯ. "ಅಮ್ಮ ಬೈಯಲ್ವೇನೇ?" ಅಂದೆ. "ಸುಣ್ಣ ತಾನೇ? ಹುಳ ಜ್ವರಕ್ಕೆ ಹೋದಾಗ ನಾವೇ ಮೇಲೆ ಉದುರಿಸ್ತೀವಿ. ಅಮ್ಮಾನೇ ಕೊಟ್ಳು" ಅಂದಳು. ಜ್ವರ ಅಂದರೆ ಹುಳ ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ಸುಮ್ಮನೆ ಮಲಗುವುದು. ಸುಣ್ಣ ಅವರಿಗೆ ಔಷಧಿ ಇದ್ದಂತೆ.

ನನ್ನ ಡಬ್ಬ ಕೊನೆಗೆ ಸುರಿದದ್ದು. ರತ್ನ ಮೂಗು ಸಿಂಡರಿಸಿದಳು.

"ಏನೇ ಸುಧಾ, ಒಂಥರಾ ವಾಸ್ನೆ?"

"ಡಬ್ಬ ಹಳೇದು ಕಣೇ. ಸೀಗೇಪುಡಿ ಹಾಕಿಟ್ಟಿದ್ರು."

ನಂಬಿದಳು. ನಾನು ಹೇಳಿದ್ದನ್ನು ಅವಳು ಯಾವತ್ತು ನಂಬಿರಲಿಲ್ಲ? ಹಿಂದೆ ಹಿಂದೆ ನಡೆಯುತ್ತಾ ಬುಟ್ಟಿ ತಟ್ಟಿ ಖೋ ಖೋ ಅಂಗಳ ಪೂರಾ ಬರೆದಳು. ಮೇಷ್ಟ್ರು ಸೊಂಟಕ್ಕೆ ಕೈಕೊಟ್ಟು ನಿಂತು, "ಗೆರೆ ಎಳೆಯೋದೂ ರತ್ನ, ಓಡೋದೂ ರತ್ನ. ಉಳಿದೋರು ಚಪ್ಪಾಳೆ ತಟ್ರಮ್ಮ" ಅಂದರು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. ಸಂಜೆ ಬುಟ್ಟಿಯನ್ನು ಕಲ್ಲಿಗೆ ಎರಡು ಸಲ ಕೊಡವಿ ತಲೆಯ ಮೇಲೆ ಬೋರಲು ಹಾಕಿಕೊಂಡು, ಹುಳಕ್ಕೆ ಸೊಪ್ಪಿನ ಹೊತ್ತಾಯಿತು ಅಂತ ಓಡಿದಳು. ಬುಟ್ಟಿ ತೊಳಿ ಅಂತ ಹೇಳಲು ನನಗೆ ಬಾಯಿತ್ತು. ಹೇಳಿದರೆ ಯಾಕೆ ಅಂತ ಕೇಳುತ್ತಿದ್ದಳು.

ಅವರ ಮನೆಯ ಹುಳ ಆಗ ನಾಲ್ಕನೇ ಜ್ವರ ಎದ್ದು, ಇನ್ನು ಮೂರು ನಾಲ್ಕು ದಿನದಲ್ಲಿ ಗೂಡು ಕಟ್ಟುವಂತಿದ್ದವು. ಬೆಳಗ್ಗೆ ನೋಡಿದರೆ ತಟ್ಟೆಗಳಲ್ಲಿ ಹುಳ ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ ಸಾಯುತ್ತಿದ್ದವಂತೆ. ಸುದ್ದಿ ಅಂಗಡಿಗೆ ಬಂದಾಗ ನಾನು ಹಾಲು ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ಆ ಮೂಲೆಯ ಹಲಗೆ ನೋಡಿದೆ.

ಮೊದಲು ಸೊಪ್ಪಿಗೆ ಯಾರೋ ಔಷಧಿ ಹೊಡೆದಿರಬೇಕು ಅಂದರು. ಅದೇ ತೋಟದ ಸೊಪ್ಪು ತಿಂದ ಪಕ್ಕದ ಮನೆಯ ಹುಳ ಚೆನ್ನಾಗಿದ್ದವು. ಆಮೇಲೆ ಇನ್ನೊಂದು ಗಮನಕ್ಕೆ ಬಂತು. ರತ್ನನ ಅಮ್ಮ ಇನ್ನೊಂದು ಬುಟ್ಟಿಯಿಂದ ಸೊಪ್ಪು ಹಾಕಿದ ತಟ್ಟೆಗಳಿಗೆ ಏನೂ ಆಗಿರಲಿಲ್ಲ, ರತ್ನ ಹಾಕಿದ ತಟ್ಟೆಗಳೇ ಪೂರಾ ಹೋಗಿದ್ದವು. ಸುಣ್ಣದ ಬುಟ್ಟಿಯನ್ನು ಯಾರೂ ಅನುಮಾನಿಸಲಿಲ್ಲ, ಕೈಯನ್ನು ಅನುಮಾನಿಸಿದರು. ನಮ್ಮ ಕಡೆ ಮುಟ್ಟಾದ ಹೆಂಗಸು ಹುಳದ ಮನೆ ಹೊಸಲು ದಾಟುವಂತಿಲ್ಲ, ದಾಟಿದರೆ ಹುಳ ಕೆಡುತ್ತವೆ ಅಂತ ನಂಬಿಕೆ. ರತ್ನ ಇನ್ನೂ ದೊಡ್ಡವಳಾಗಿರಲಿಲ್ಲ. ಆದರೆ ದೊಡ್ಡವಳಾದರೆ ಶಾಲೆ, ಆಟ ಎಲ್ಲ ನಿಲ್ಲಿಸುತ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಹೋಬಳಿ ಆಟದ ಆಸೆಗೆ ಹುಡುಗಿ ಮುಚ್ಚಿಟ್ಟಿದ್ದಾಳೆ ಅಂತ ಒಬ್ಬರು ಅಂದರು, ಎಲ್ಲರಿಗೂ ಅದು ಸರಿಯಾಗಿ ಕಂಡಿತು.

ಅವತ್ತು ಸಂಜೆ ಹೋದೆ. ಎಲ್ಲ ಹೇಳಿಬಿಡಬೇಕು ಅಂತಲೇ ಹೋದೆ, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂಗಳದಲ್ಲಿ ಸತ್ತ ಹುಳ ಸುರಿಯಲು ಗುಂಡಿ ತೋಡುತ್ತಿದ್ದರು. ಆ ಹುಳಿ ವಾಸನೆ ಬೀದಿಗೇ ಬಡಿಯುತ್ತಿತ್ತು. ರತ್ನ ಕಂಬಕ್ಕೆ ಒರಗಿ ಕೂತಿದ್ದಳು, ಕೆನ್ನೆ ಊದಿತ್ತು. ಅವಳ ಅಜ್ಜಿ ಮಣೆಯ ಮೇಲೆ ಕೂತು "ನಿಜಂ ಚೆಪ್ಪವೇ, ನಿಜಂ ಚೆಪ್ಪು" ಅಂತ, ನಿಜ ಹೇಳೇ ಅಂತ, ತೆಲುಗಿನಲ್ಲಿ ಒಂದೇ ಸಮನೆ ಕೇಳುತ್ತಿತ್ತು. ನನ್ನನ್ನು ಕಂಡಿದ್ದೇ ಅವರಮ್ಮ ಎದ್ದು ಬಂದು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು.

"ನೀನಾದ್ರೂ ಹೇಳಮ್ಮ ಸುಧಾ. ಒಟ್ಟಿಗೇ ಇರ್ತೀರಲ್ಲ. ಇವಳು ದೊಡ್ಡೋಳಾಗಿ ಎಷ್ಟು ದಿನ ಆಯ್ತು?"

ರತ್ನ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಧೈರ್ಯ ಬಂದಿತ್ತು, ಅದು ಮುಖದಲ್ಲೇ ಕಂಡಿತು. ಸುಧಾ ಬಂದಳಲ್ಲ, ಸುಧಾ ಹೇಳುತ್ತಾಳೆ.

"ನಂಗೊತ್ತಿಲ್ಲ ಅತ್ತೆ" ಅಂದೆ.

ಇಷ್ಟೇ ನಾನು ಹೇಳಿದ್ದು. ಆಗಿಲ್ಲ ಅನ್ನಬಹುದಿತ್ತು. ಆಗಿಲ್ಲ ಅಂದರೆ, ಮತ್ತೆ ಹುಳ ಸತ್ತದ್ದು ಯಾಕೆ ಅನ್ನುವ ಪ್ರಶ್ನೆ ಉಳಿಯುತ್ತಿತ್ತು. ಅದು ಸುತ್ತಿ ಸುತ್ತಿ ನಮ್ಮ ಅಂಗಡಿಗೇ ಬರುತ್ತದೆ ಅನ್ನುವಷ್ಟು ಬುದ್ಧಿ ಆ ವಯಸ್ಸಿಗೇ ನನಗಿತ್ತು. ಅವರಮ್ಮ ನನ್ನ ಕೈ ಬಿಟ್ಟರು. "ನೋಡಿದ್ರಾ, ಜೊತೆಯೋಳೂ ಇಲ್ಲ ಅನ್ಲಿಲ್ಲ" ಅಂತ ಹಿಂದೆ ಯಾರೋ ಅಂದರು.

ರತ್ನ ಶಾಲೆಗೆ ಬರಲಿಲ್ಲ. ಮೇಷ್ಟ್ರು ಎರಡು ಸಲ ಅವರ ಮನೆಗೆ ಹೋಗಿ ಕೈಮುಗಿದು ಬಂದರಂತೆ, ಆಮೇಲೆ ಅವರೂ ಸುಮ್ಮನಾದರು. ಹೋಬಳಿ ಆಟದ ದಿನ ಅವಳ ಜಾಗಕ್ಕೆ ಆಳು ಸಾಲದೆ ನನ್ನನ್ನು ಇಳಿಸಿದರು. ಬಂದಿದ್ದ ಶಾಲೆಗಳೆಲ್ಲ ನಕ್ಕವು, ಸೋತೆವು. ನನಗೆ ಆ ನಗು ತಾಗಲೇ ಇಲ್ಲ. ಯುಗಾದಿ ಕಳೆದ ಮೇಲೆ ರತ್ನ ನಿಜಕ್ಕೂ ದೊಡ್ಡವಳಾದಳು. ಆಗಲಾದರೂ ಸತ್ಯ ಹೊರಗೆ ಬರುತ್ತದೆ ಅಂತ ಕಾದೆ. ಅವರು ಆರತಿ ಮಾಡಲಿಲ್ಲ, ಒಬ್ಬರನ್ನೂ ಕರೆಯಲಿಲ್ಲ. "ಅದಾಗಿ ವರ್ಷ ಆಗ್ತಾ ಬಂತಲ್ಲ, ಈಗೆಂಥ ಆರತಿ" ಅಂದರಂತೆ ಅವರಮ್ಮ. ಕೈಗುಣ ಸರಿಯಿಲ್ಲದ ಹುಡುಗಿ ಅಂತ ಹೆಸರಾಗಿ, ಕೆಂಚಾರ್ಲಹಳ್ಳಿಯಲ್ಲಿ ಎರಡನೇ ಸಂಬಂಧಕ್ಕೆ ಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಬರೆಯುವಾಗ ಅವಳ ಕಂಕುಳಲ್ಲಿ ಮಗು.

ಹೋದ ವರ್ಷ ನಮ್ಮ ಯಜಮಾನರ ಕಡೆಯವರ ಗೃಹಪ್ರವೇಶಕ್ಕೆ ಕೆಂಚಾರ್ಲಹಳ್ಳಿಗೆ ಹೋದವಳು ಊಟ ಮುಗಿಸಿ ವಿಳಾಸ ಕೇಳಿಕೊಂಡು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ.

"ಅಂಗಡಿ ಸುಧಾ ಅಲ್ವೇನೇ! ಬಾರೇ, ಕೂತ್ಕೋ."

ಕಾಫಿ ಕೊಟ್ಟಳು. ಮಗ, ಸೊಸೆ, ಮೊಮ್ಮಗಳ ವಿಷಯ ಹೇಳಿದಳು. ಈಗಲೂ ಹುಳ ಮೇಯಿಸುತ್ತೀರಾ ಅಂತ ಕೇಳಿದೆ.

"ಮೇಯಿಸ್ತಾರೆ. ನಾನು ಒಳಗೋಗಲ್ಲ."

"ಯಾಕೆ, ನಿಮ್ಮತ್ತೆ ಬೇಡ ಅಂದ್ರಾ?"

"ಪಾಪ, ಅವ್ರು ಏನೂ ಅಂದಿಲ್ಲ. ನಾನೇ ಹೋಗಲ್ಲ. ಅವತ್ತಾಗಿದ್ದು ನಿಂಗೊತ್ತಲ್ಲ." ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದಳು. "ನಂಗೇ ಗೊತ್ತಿಲ್ದಂಗೆ ಆಗಿತ್ತೇನೋ ಕಣೇ. ಮೊದಲನೇ ಸಲ ಕೆಲವ್ರಿಗೆ ಗೊತ್ತಾಗಲ್ವಂತೆ. ಸುಮ್ನೆ ಅಮ್ಮನ ಜೊತೆ ಅಷ್ಟು ಜಗಳ ಆಡ್ಬಿಟ್ಟೆ."

ಇನ್ನು ತಡೆಯಲಾಗಲಿಲ್ಲ. ಅರ್ಧ ಡಬ್ಬ ಸುಣ್ಣ, ಇರುವೆ ಪುಡಿ, ಸೀಗೇಪುಡಿಯ ಸುಳ್ಳು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಇರುವೆ ಪುಡೀನಾ?"

"ಹೂಂ."

"ನಮ್ಮ ಮಂಕರೀಲಿ?"

"ಹೂಂ ಕಣೇ."

ಬೈಯುತ್ತಾಳೆ, ಹೊಡೆಯುತ್ತಾಳೆ, ಎದ್ದು ಹೋಗು ಅನ್ನುತ್ತಾಳೆ ಅಂತ ಎಷ್ಟೋ ವರ್ಷದಿಂದ ಎಲ್ಲದಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವಳು ಬೀದಿ ಕಡೆ ನೋಡುತ್ತಾ ಕೂತಳು.

"ಅಜ್ಜಿ ಯಾವಾಗ್ಲೋ ಹೋಯ್ತು. ಅಪ್ಪಾನೂ ಹೋದ. ಅಮ್ಮ ಹೋಗಿ ನಾಕು ವರ್ಷ. ಯಾರಿಗಂತ ಹೇಳ್ಲೇ ಈಗ ನಾನು?"

ಬಾಲ್ಯ ಬರೆಯುವವರು ತಾವು ಏನೇನು ಕಳೆದುಕೊಂಡೆವು ಅಂತ ಬರೆಯುತ್ತಾರೆ, ಬಯಲು ಹೋಯಿತು, ಆಟ ಹೋಯಿತು ಅಂತ. ನಾನು ಏನೂ ಕಳೆದುಕೊಳ್ಳಲಿಲ್ಲ. ಓದಿದೆ, ಕೆಲಸಕ್ಕೆ ಸೇರಿದೆ, ಮಗಳನ್ನು ಆಟಕ್ಕೆ ಕಳಿಸುತ್ತಿದ್ದೇನೆ. ಹೋದದ್ದೆಲ್ಲ ಅವಳದು: ಶಾಲೆ, ಓಟ, ಆರತಿ, ಅಮ್ಮನ ನಂಬಿಕೆ, ತನ್ನ ಮೈ ಮೇಲೆ ತನಗಿದ್ದ ನಂಬಿಕೆ. ಆ ಕೊನೆಯದಾದರೂ ಸತ್ಯ ಹೇಳಿದರೆ ವಾಪಸ್ಸು ಬರುತ್ತದೆ ಅಂದುಕೊಂಡಿದ್ದೆ.

ಹುಳದ ಮನೆಯಿಂದ ಸೊಸೆ, "ಅತ್ತೆ, ಸೊಪ್ಪು" ಅಂತ ಕೂಗಿದಳು. ರತ್ನ ಎದ್ದು ಬಿಡಿಸಿದ ಸೊಪ್ಪಿನ ಹೊರೆ ಎತ್ತಿಕೊಂಡು ಜಗಲಿ ಪಕ್ಕದ ಆ ಹುಳದ ಮನೆ ಕಡೆ ನಡೆದಳು. ನಾನು ನೋಡುತ್ತಿದ್ದೆ. ಬಾಗಿಲು ತೆರೆದೇ ಇತ್ತು. ಹೊಸಲಿಗೆ ಒಂದು ಮೊಳ ಈಚೆಗೆ ಹೊರೆ ಇಳಿಸಿ, "ಸೊಪ್ಪು ಇಟ್ಟಿದ್ದೀನಿ, ತಗೋಳಮ್ಮ" ಅಂದು, ವಾಪಸ್ಸು ಬಂದು ನನ್ನ ಪಕ್ಕದಲ್ಲಿ ಕೂತಳು.