ತಾಮ್ರದ ಪಟ್ಟಿಗೆ ಬಳಿದ ಹಸಿರು ಬಣ್ಣ

ಸಿದ್ದರಾಜು, ಆ ದಿನ ನೀನು ವಯರು ಹಾಕಿದ್ದೆ. ಮರೆತಿರಲಿಲ್ಲ. ಟ್ಯಾಂಕರಿನಿಂದ ನೆಲದ ಪಟ್ಟಿಗೆ ನೀನು ಹಾಕಿದ್ದ ಆ ವಯರನ್ನು, ಬೆಂಕಿ ಆರಿದ ಮೇಲೆ ಬಿಚ್ಚಿ, ಸುತ್ತಿ, ಕೊಕ್ಕೆಗೆ ತೂಗುಹಾಕಿದವನು ನಾನು. ಉಮರಬ್ಬ ಸತ್ತಿದ್ದು ನಿನ್ನ ಮರೆವಿನಿಂದ ಎಂದು ಹನ್ನೊಂದು ವರ್ಷಗಳಿಂದ ನಂಬಿಕೊಂಡು ಬಂದಿದ್ದೀಯ. ಆ ನಂಬಿಕೆಯನ್ನು ನಿನ್ನ ತಲೆಗೆ ತುಂಬಿದವನೂ ನಾನೇ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಪೀಠಿಕೆ ಹಾಕುತ್ತ ಕೂತರೆ ಮುಗಿಸುವ ಹೊತ್ತಿಗೆ ಬೇರೇನೋ ಬರೆದಿರುತ್ತೇನೆ — ನನ್ನನ್ನು ನಾನು ಬಲ್ಲೆ. ಇನ್ನು ಮುಂದಿನದರಲ್ಲಿ ನಿನಗೆ ಗೊತ್ತಿರುವ ಸಂಗತಿಗಳೂ ಬರುತ್ತವೆ. ಬೇಸರಪಡಬೇಡ. ಈ ಕಾಗದವನ್ನು ನಿನ್ನ ಮಗಳು ಓದಬೇಕು, ಉಮರಬ್ಬನ ಮನೆಯವರು ಓದಬೇಕು. ಅವರಿಗೆ ಎಲ್ಲವೂ ಬಿಡಿಸಿ ತಿಳಿಯಬೇಕು.

ನಂಜನಗೂಡಿನ ಪಕ್ಕದ ತಾಂಡ್ಯದ ಆ ಕಾರ್ಖಾನೆಯಲ್ಲಿ ಟ್ಯಾಂಕ್ ಯಾರ್ಡಿಗೆ ನಾನು ಸೂಪರ್‌ವೈಸರ್, ನೀನು ನನ್ನ ಕೈಕೆಳಗಿನ ಆಪರೇಟರ್. ಮಂಗಳೂರಿನ ಬಂದರಿನಲ್ಲಿ ಹಡಗಿನಿಂದ ಇಳಿದ ಸಾಲ್ವೆಂಟು ಟ್ಯಾಂಕರ್ ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ನಾವು ಅದನ್ನು ಎಣ್ಣೆ ಎಂದೇ ಕರೆಯುತ್ತಿದ್ದೆವು. ನೋಡಲು ನೀರಿನಂತಿದ್ದರೂ ಅದರ ಆವಿಗೆ ಒಂದು ಕಿಡಿ ಸಾಕು. ಆ ಎಣ್ಣೆ ಪೈಪಿನಲ್ಲಿ ಓಡುವಾಗ ತಾನಾಗಿಯೇ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ಅದು ಲಾರಿಯ ಮೈಯಲ್ಲಿ ಉಳಿದರೆ ಕಿಡಿಯಾಗಿ ಹಾರುತ್ತದೆ, ಉಳಿಯದೆ ನೆಲಕ್ಕೆ ಇಳಿದುಹೋಗಬೇಕು. ಅದಕ್ಕೇ ಆ ವಯರು. ಎರಡೂ ತುದಿಗೆ ಕ್ಲಿಪ್ಪು: ಒಂದು ಲಾರಿಗೆ ಕಚ್ಚಬೇಕು, ಇನ್ನೊಂದು ಯಾರ್ಡಿನ ಕಂಬದಲ್ಲಿ ನೆಲದಿಂದ ಎದ್ದುಬಂದ ತಾಮ್ರದ ಪಟ್ಟಿಗೆ. ಲೋಹಕ್ಕೆ ಲೋಹ ತಾಗಬೇಕು, ನಡುವೆ ಏನೂ ಇರಬಾರದು. ಇದನ್ನು ನಿನಗೆ ಕಲಿಸಿದ್ದು ನಾನು.

ನಾನು ಕಲಿಸಿದೆ ಎನ್ನುವುದೂ ಪೂರ್ತಿ ನಿಜವಲ್ಲ. ನಿನಗೆ ಅದನ್ನು ಬಾಯಿಪಾಠ ಮಾಡಿಸಿದವನು ಟ್ಯಾಂಕರಿನ ಡ್ರೈವರ್ ಉಮರಬ್ಬ. ಬಂದಾಗಲೆಲ್ಲ ನಿನಗೊಂದು ಪೊಟ್ಟಣ ಒಣಮೀನು ತರುತ್ತಿದ್ದ. ನಾನು ಮೂಗು ಮುಚ್ಚಿಕೊಂಡರೆ, "ಸ್ವಾಮಿಗಳಿಗೆ ವಾಸನೆ ಫ್ರೀ, ತಿನ್ನುವುದು ಸಿದ್ದರಾಜು" ಎಂದು ನಗುತ್ತಿದ್ದ. ಬಂದರಿನ ಶಿಸ್ತಿನ ಬಗ್ಗೆ ಅವನಿಗೆ ಬಹಳ ಹೆಮ್ಮೆ. "ನಮ್ಮ ಬಂದರಿನಲ್ಲಿ ಬೀಡಿ, ಬೆಂಕಿಪೆಟ್ಟಿಗೆ ಎಲ್ಲ ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು ಮಾರಾಯ್ರೆ. ಲೋಡು ಮಾಡುವಾಗ ಮೊದಲು ವಯರು, ಆಮೇಲೆ ಪೈಪು. ಮುಗಿದ ಮೇಲೆ ಮೊದಲು ಪೈಪು, ಆಮೇಲೆ ವಯರು. ಎಷ್ಟು ಅರ್ಜೆಂಟ್ ಇದ್ದರೂ ಅಷ್ಟೇ." ನೀನು ಅದನ್ನು ಕೆಲಸದ ನಡುವೆ ಗುನುಗಿಕೊಳ್ಳುತ್ತಿದ್ದೆ — ಮೊದಲು ವಯರು, ಆಮೇಲೆ ಪೈಪು. ಅಂಥವನು ಮರೆಯುತ್ತಾನೆಯೇ ಎಂದು ಕಾರ್ಖಾನೆಯಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಾನು ಹೇಳಿದ ಮೇಲೆ ಕೇಳುವುದೇನಿದೆ.

ಆಯುಧಪೂಜೆಗೆ ಯಾರ್ಡನ್ನು ಒಪ್ಪ ಮಾಡುವುದೆಂದರೆ ನನಗೆ ಹುಚ್ಚು. ಪಂಪು, ವಾಲ್ವು, ಕಂಬ, ಬೇಲಿ — ಎಲ್ಲಕ್ಕೂ ನನ್ನ ಕೈಯಾರೆ ಬಣ್ಣ ಹೊಡೆಯಬೇಕು. ಆ ವರ್ಷ ಕಂಬಕ್ಕೆ ಹಸಿರು ಬಳಿದೆ. ಕ್ಲಿಪ್ಪು ಕಚ್ಚುವ ಜಾಗದಲ್ಲಿ ಪಟ್ಟಿಯನ್ನು ಬಿಟ್ಟು ಬಳಿಯಬೇಕು, ಅದು ನನಗೆ ಗೊತ್ತಿತ್ತು. ಹಾಗೆಂದು ಬರೆದ ಬೋರ್ಡು ಅದೇ ಕಂಬದ ಮೇಲಿತ್ತು. ಅದನ್ನು ಒರೆಸಿ ಮತ್ತೆ ತೂಗುಹಾಕಿದವನೂ ನಾನೇ. ಆದರೆ ಅಚ್ಚ ಹಸಿರಿನ ನಡುವೆ ಅಷ್ಟು ಮಾತ್ರ ಕಂದು ಕಲೆಯ ಹಾಗೆ ಕಾಣುತ್ತಿತ್ತು. ಪೂಜೆಗೆ ಮ್ಯಾನೇಜರು ಬರುವವರಿದ್ದರು. ಪಟ್ಟಿಯ ಮೇಲೂ ಬ್ರಶ್ ಎಳೆದೆ. ಒಣಗಿದ ಮೇಲೆ ಇನ್ನೊಂದು ಸಲ ಎಳೆದೆ. ಹಬ್ಬ ಕಳೆದ ಮೇಲೆ ಕೆರೆದರಾಯಿತು ಎಂದುಕೊಂಡೆ. ಅದರ ಮೇಲೆ ಮೂರು ಬೆರಳು ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿಸಿದೆ. ಮ್ಯಾನೇಜರು ಹೊಗಳಿದರು. ಎಷ್ಟು ಹಿಗ್ಗಿದೆನೆಂದು ನೆನೆದರೆ ಈಗ ಅಸಹ್ಯವಾಗುತ್ತದೆ.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಉಮರಬ್ಬ ಬಂದ. ಲಾರಿ ನಿಲ್ಲಿಸಿ, ಚಕ್ರ ಉರುಳದಂತೆ ಮರದ ತುಂಡು ಕೊಟ್ಟು, ಕೀಲಿಯನ್ನು ನಿನ್ನ ಕೈಗೆ ಕೊಟ್ಟ. ನೀನು ಕೊಕ್ಕೆಯಿಂದ ವಯರು ಬಿಚ್ಚಿಕೊಂಡು ಒಂದು ತುದಿಯನ್ನು ಲಾರಿಗೆ ಹಾಕಿದೆ. ಕಂಬದ ಹತ್ತಿರ ಬಂದೆ. ಬಾಡಿದ ಹಾರವನ್ನು ಎಡಗೈಯಲ್ಲಿ ಪಕ್ಕಕ್ಕೆ ಸರಿಸಿ, ಪಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಕ್ಲಿಪ್ಪು ಹಾಕಿದೆ. ಆಮೇಲೆ ಪೈಪು ಜೋಡಿಸಲು ಹೋದೆ. ಹತ್ತು ಹೆಜ್ಜೆ ದೂರದಲ್ಲಿ ನಿಂತು ನಾನು ಎಲ್ಲವನ್ನೂ ನೋಡಿದೆ.

ಇಲ್ಲಿಯವರೆಗೆ ಬರೆಯಬಲ್ಲೆ ಎಂದು ಗೊತ್ತಿತ್ತು. ಇದರ ಮುಂದಿನ ಸಾಲಿಗೆ ಎರಡು ದಿನ ತೆಗೆದುಕೊಂಡಿದ್ದೇನೆ. ಸಿದ್ದರಾಜು — ಬಣ್ಣದ ವಿಷಯ ನನಗೆ ಆಗಲೇ ನೆನಪಾಗಿತ್ತು. ನೀನು ಹಾರ ಸರಿಸಿದಾಗ ಆ ಹಸಿರು ಕಣ್ಣಿಗೆ ಬಿತ್ತು. ಕ್ಲಿಪ್ಪು ಹಳೆಯದು, ಹಲ್ಲು ಸವೆದಿತ್ತು, ಅದೂ ಗೊತ್ತಿತ್ತು. ನಿಲ್ಲಿಸು ಎನ್ನಬಹುದಿತ್ತು. ಐದು ನಿಮಿಷದ ಕೆಲಸ. ಆದರೆ ಬಣ್ಣ ಬಳಿದವನು ನಾನೇ ಎಂದು ಡ್ರೈವರ್ ಮುಂದೆ ಒಪ್ಪಿಕೊಳ್ಳಬೇಕಲ್ಲ, ಬಂದರಿನ ಶಿಸ್ತಿನ ಪಾಠ ಅವನಿಂದ ಇನ್ನೊಮ್ಮೆ ಕೇಳಬೇಕಲ್ಲ. ಹೇಗೂ ಒಂದಿಷ್ಟು ಕಚ್ಚಿರುತ್ತದೆ ಬಿಡು ಎಂದುಕೊಂಡು ಕ್ಯಾಂಟೀನಿನ ಕಡೆ ಹೋದೆ. ಎಣ್ಣೆ ಇಳಿಸುವ ಮುಂಚೆ ತುಂಬಬೇಕಾದ ತಪಾಸಣೆಯ ಹಾಳೆಯನ್ನು ಕೆಲಸವೆಲ್ಲ ಮುಗಿದ ಮೇಲೆ ಒಟ್ಟಿಗೆ ತುಂಬುವುದು ನಮ್ಮ ಯಾರ್ಡಿನ ರೂಢಿ. ಆ ರೂಢಿಯೂ ನನ್ನದೇ. ಹಾಗಾಗಿ ಅಂದಿನ ಹಾಳೆ ಖಾಲಿ ಇತ್ತು, ನೀನು ವಯರು ಹಾಕಿದ್ದು ಎಲ್ಲೂ ದಾಖಲಾಗಿರಲಿಲ್ಲ.

ಎಣ್ಣೆ ಇಳಿಸುವುದು ಮುಗಿಯುತ್ತ ಬಂದಾಗ ಎಷ್ಟು ಉಳಿದಿದೆ ನೋಡಲು ಉಮರಬ್ಬ ಲಾರಿಯ ಮೇಲೆ ಹತ್ತಿ ಮುಚ್ಚಳ ತೆರೆದು ಅಳತೆಯ ಕೋಲು ಇಳಿಬಿಟ್ಟ. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದೆ. ಬುಸ್ ಎಂದು ಒಂದು ಸದ್ದು, ಅಷ್ಟೇ. ಅವನು ನಿಂತಿದ್ದ ಜಾಗದಲ್ಲಿ ಬೆಂಕಿ ನಿಂತಿತ್ತು. ನಾನು ಓಡಿ ವಾಲ್ವು ಮುಚ್ಚಿದೆ, ಬೆಂಕಿ ಆರಿಸುವ ನೊರೆಯ ಪೈಪು ಎಳೆದೆ — ಅದಕ್ಕೆ ಆಮೇಲೆ ನನಗೆ ಶಾಲು ಹೊದಿಸಿದರು. ನೀನು ಏಣಿ ಹತ್ತಿ, ಉರಿಯುತ್ತಿದ್ದವನನ್ನು ಎರಡೂ ಕೈಯಲ್ಲಿ ತಬ್ಬಿ ಕೆಳಗಿಳಿಸಿದೆ. ನಿನಗೆ ಯಾರೂ ಏನೂ ಹೊದಿಸಲಿಲ್ಲ.

ಬೆಂಕಿ ಬೇಗ ಆರಿತು. ನಿಮ್ಮಿಬ್ಬರನ್ನೂ ಮೈಸೂರಿಗೆ ಸಾಗಿಸಿದರು. ಉಳಿದವರನ್ನೆಲ್ಲ ಗೇಟಿನ ಹೊರಗೆ ಕಳಿಸಿ, ವಾಲ್ವುಗಳನ್ನು ನೋಡಿಕೊಂಡು ಬರುತ್ತೇನೆಂದು ನಾನೊಬ್ಬನೇ ಯಾರ್ಡಿನಲ್ಲಿ ಉಳಿದೆ. ಕಂಬದ ಹತ್ತಿರ ಹೋದೆ. ಕ್ಲಿಪ್ಪು ನೀನು ಹಾಕಿದ ಹಾಗೆಯೇ ಇತ್ತು, ಹಾರ ಪಕ್ಕಕ್ಕೆ ಸರಿದಿತ್ತು. ಕ್ಲಿಪ್ಪು ತೆಗೆದು ನೋಡಿದೆ. ಬಣ್ಣದ ಮೇಲೆ ಹಲ್ಲಿನ ಗುರುತು ಮಾತ್ರ. ತಾಮ್ರ ಎಲ್ಲೂ ಕಂಡಿರಲಿಲ್ಲ.

ಏನೂ ಯೋಚಿಸಲಿಲ್ಲ ಎಂದು ಬರೆಯಲೇ? ಯೋಚಿಸಿದೆ. ಬಹಳ ಚುರುಕಾಗಿ ಯೋಚಿಸಿದೆ. ಲಾರಿಯ ಕಡೆಯ ಕ್ಲಿಪ್ಪನ್ನೂ ಬಿಚ್ಚಿ, ವಯರನ್ನು ಸುತ್ತಿ ಕೊಕ್ಕೆಗೆ ಹಾಕಿದೆ. ಗರಗಸದ ಬ್ಲೇಡಿನ ತುಂಡೊಂದನ್ನು ತಂದು ಪಟ್ಟಿಯ ಮೇಲಿನ ಬಣ್ಣ ಕೆರೆದೆ. ತಾಮ್ರ ತೀರಾ ಹೊಸದಾಗಿ ಹೊಳೆಯಿತು. ಒದ್ದೆ ಮಣ್ಣು ತಿಕ್ಕಿ ಮಂಕು ಮಾಡಿದೆ. ಹಾರವನ್ನು ಮತ್ತೆ ನಡುವಿಗೆ ಎಳೆದೆ.

ಮಧ್ಯಾಹ್ನ ಸರ್ಕಾರದ ಫ್ಯಾಕ್ಟರಿ ಇನ್ಸ್‌ಪೆಕ್ಟರು ಬಂದರು. ಕೊಕ್ಕೆಯಲ್ಲಿದ್ದ ವಯರು ನೋಡಿ, "ಹಾಕಿರಲಿಲ್ವಾ?" ಎಂದು ಕೇಳಿದರು.

"ಇಲ್ಲ ಸಾ. ಹುಡುಗ ಮರ್ತವ್ನೆ."

ನಿನಗೆ ಆಗ ಮೂವತ್ತನಾಲ್ಕು ವರ್ಷ. ಹುಡುಗ ಎಂದರೆ ಮರೆವು ನಂಬಲು ಸುಲಭ, ಅದಕ್ಕೇ ಹಾಗೆಂದೆ. ಮೂರನೆಯ ದಿನ ಉಮರಬ್ಬ ತೀರಿಕೊಂಡ. ನಿನ್ನ ಕೈಗಳು ಉಳಿದವು, ಆದರೆ ಬೆರಳು ಮಡಚುವಂತಿರಲಿಲ್ಲ. ಆಸ್ಪತ್ರೆಯಲ್ಲಿ ನೀನು "ಆಕಿದ್ದೆ, ಆಕಿದ್ದೆ" ಎನ್ನುತ್ತಲೇ ಇದ್ದೆಯಂತೆ. ಕಾರ್ಖಾನೆಯವರು ಅದನ್ನು ಜ್ವರದ ಮಾತು ಎಂದರು.

ಇನ್ಸ್‌ಪೆಕ್ಟರಿಗೆ ನಾನು ಹೇಳಿದ್ದು ಹೆದರಿ ಆಡಿದ ಸುಳ್ಳು ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಎರಡನೆಯ ಸುಳ್ಳಿಗೆ ಆ ಮಾತೂ ಇಲ್ಲ. ನೀನು ಆಸ್ಪತ್ರೆಯಿಂದ ಬಂದು ಹುಲ್ಲಹಳ್ಳಿಯ ನಿನ್ನ ಮನೆಯಲ್ಲಿದ್ದೆ. ನಿನ್ನ ಹೆಂಡತಿ ಮಂಜುಳ ನಿನಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ನಾನು ಹಣ್ಣು ಹಿಡಿದುಕೊಂಡು ನೋಡಲು ಬಂದೆ. ನೀನು ಅವಳನ್ನು ಒಳಗೆ ಕಳಿಸಿ ಕೇಳಿದೆ:

"ಅಣ್ಣ, ಒಂದೇ ಒಂದು ಗ್ಯಾಪ್ಕ ಅದೆ ಕಣಣ್ಣ. ಊವ ಅತ್ಲಾಗೆ ಸರ್ಸಿ ಕ್ಲಿಪ್ಪು ಆಕ್ದಂಗೆ. ಊವು ಕೈಗೆ ತಣ್ಣಗಿತ್ತು. ಅದು ಆವತ್ತೇ ಅಲ್ವಾ?"

ನಿನ್ನ ಬಳಿ ಉಳಿದಿದ್ದ ಸತ್ಯ ಅದೊಂದೇ. ಅದನ್ನು ನನ್ನ ಕೈಗೆ ಕೊಟ್ಟು, ಸರಿಯಾ ನೋಡು ಎಂದು ಕೇಳಿದೆ.

"ಅದು ಹಬ್ಬದ ದಿನ ಕಣೋ," ಎಂದೆ. "ಹಾರ ನಿನ್ ಕೈಲೇ ಹಾಕಿಸ್ಲಿಲ್ವಾ ನಾನು? ಔಷಧಿ ಕೊಟ್ಟು ಕೊಟ್ಟು ನಿಂಗೆ ಎಲ್ಲಾ ಕಲಸೋಗದೆ."

ನೀನು, "ನೀವು ಯೋಳ್ದ ಮ್ಯಾಕೆ ಅಂಗೇ ಇರ್ತದೆ ಬುಡಿ," ಎಂದೆ. "ಅಂಗಾದ್ರೆ ನಾನೇ ಕೊಂದೆ."

ಅಲ್ಲ ಎನ್ನಬೇಕಿತ್ತು. ಹಣ್ಣಿನ ಚೀಲ ಕೆಳಗಿಟ್ಟು ಎದ್ದು ಬಂದೆ.

ಆಮೇಲಿನದನ್ನು ನಾನು ದೂರದಿಂದ ನೋಡುತ್ತ ಬಂದಿದ್ದೇನೆ. ಕಾರ್ಖಾನೆಯವರು ನಿನ್ನಿಂದ ರಾಜೀನಾಮೆ ಬರೆಸಿಕೊಂಡರು. ಮಂಜುಳಳ ಅಣ್ಣ ತಿ. ನರಸೀಪುರದ ರೈಸ್ ಮಿಲ್ಲಿನಲ್ಲಿ ಗೇಟು ಕಾಯುವ ಕೆಲಸ ಕೊಡಿಸಿದ, ನೀವು ಅಲ್ಲಿಗೇ ಮನೆ ಬದಲಿಸಿದಿರಿ. ಗೇಟಿಗೆ ಬೀಗ ಹಾಕಿ ಮನೆಗೆ ಹೊರಟವನು ಅರ್ಧ ದಾರಿಯಿಂದ ತಿರುಗಿ ಬಂದು ಬೀಗ ಎಳೆದು ನೋಡುತ್ತೀಯಂತೆ, ದಿನಕ್ಕೆ ಎರಡು ಸಲ, ಮೂರು ಸಲ. ದೇವರ ಮುಂದೆ ಕರ್ಪೂರ ಹಚ್ಚುವುದನ್ನೂ ಬಿಟ್ಟೆಯಂತೆ. ಒಮ್ಮೆ ಯಾರಿಗೂ ಹೇಳದೆ ಮಂಗಳೂರಿನ ಬಸ್ಸು ಹತ್ತಿ, ಮನೆ ಹುಡುಕಿಕೊಂಡು ಹೋಗಿ, ಉಮರಬ್ಬನ ತಾಯಿಯ ಮುಂದೆ ನಿಂತು "ನನ್ನಿಂದ ಆಯ್ತು" ಎಂದೆಯಂತೆ. ಆ ಮುದುಕಿ ನಿನ್ನ ಕೈ ನೋಡಿ, ಊಟ ಮಾಡಿ ಹೋಗು ಎಂದಳಂತೆ. ಮಂಜುಳ ಇದನ್ನು ನನ್ನ ಹೆಂಡತಿಗೆ ಹೇಳಿ ಅತ್ತಳು. ನಾನು ಒಳಗಿನ ಕೋಣೆಯಲ್ಲಿ ಪೇಪರು ಹಿಡಿದು ಕೂತು ಎಲ್ಲ ಕೇಳಿಸಿಕೊಂಡೆ.

ಆ ವರ್ಷಗಳಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಪ್ರತಿ ವರ್ಷದ ಸುರಕ್ಷತಾ ಸಪ್ತಾಹದಲ್ಲಿ ಹೊಸ ಕೆಲಸಗಾರರ ಮುಂದೆ ಭಾಷಣ. "ಒಬ್ಬನ ಮರೆವು, ಒಬ್ಬನ ಪ್ರಾಣ" ಎಂದು ಶುರು ಮಾಡುತ್ತಿದ್ದೆ. ನಿನ್ನ ಹೆಸರು ಹೇಳುತ್ತಿರಲಿಲ್ಲ, ಅದನ್ನೇ ದೊಡ್ಡತನ ಎಂದುಕೊಂಡಿದ್ದೆ. ಮೊದಲು ವಯರು, ಆಮೇಲೆ ಪೈಪು ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿದೆ. ಸತ್ತವನ ಮಾತು, ನೀನು ಪಾಲಿಸಿದ ಮಾತು — ಕೆಳಗೆ ನನ್ನ ಸಹಿ. ಪಟ್ಟಿಗೆ ಬಣ್ಣ ಬಳಿಯಬೇಡಿ ಎಂಬ ಒಂದು ಮಾತನ್ನು ಮಾತ್ರ ಆ ಭಾಷಣಗಳಲ್ಲಿ ಎಂದೂ ಹೇಳಲಿಲ್ಲ. ಹೇಳಿದರೆ ಯಾರಾದರೂ ಏಕೆ ಎಂದು ಕೇಳಿಯಾರು ಎಂಬ ಭಯ. ಇನ್ನೊಬ್ಬರ ಜೀವ ಉಳಿಸಬಹುದಾಗಿದ್ದ ಮಾತನ್ನೂ ನುಂಗಿಕೊಂಡೆ.

ಕಳೆದ ಭಾನುವಾರ ನೀನು ಮಗಳನ್ನು ಕರೆದುಕೊಂಡು ನಂಜನಗೂಡಿನ ನಮ್ಮ ಮನೆಗೆ ಬಂದೆ. ಭಾಗ್ಯ ಡಿಪ್ಲೊಮಾ ಮುಗಿಸಿದ್ದಾಳೆ, ತಾಂಡ್ಯದಲ್ಲೇ ಅಪ್ರೆಂಟಿಸ್ ಆಗಿ ಸೇರುತ್ತಾಳೆ ಎಂದೆ. ನನಗೆ ಸಂತೋಷವೇ ಆಯಿತು. ಆಗ ನೀನು ಹೇಳಿದೆ: "ಅಣ್ಣ, ಇವ್ಳಿಗೆ ನನ್ ತಪ್ಪು ಪೂರ್ತಿ ಬುಡ್ಸಿ ಯೋಳಿ. ನಾನ್ ಯೋಳುದ್ರೆ ಅಪ್ಪ ಅಂತ ಮರುಗ್ತಾಳೆ. ನೀವು ನೋಡ್ದೋರು. ಇವ್ಳೂ ನನ್ನಂಗೆ ಮರೀಬಾರ್ದು."

ನಾನು ಹೇಳಿದೆ. ಭಾಷಣ ಅಭ್ಯಾಸವಾಗಿತ್ತಲ್ಲ, ಸರಾಗವಾಗಿ ಬಂತು. ಅವಳು ಕೊನೆಯವರೆಗೆ ಕೇಳಿ, "ದೊಡ್ಡಪ್ಪ, ಅಪ್ಪ ವಯರು ಹಾಕಿರ್ಲಿಲ್ಲ ಅನ್ನೋದನ್ನ ನೀವೇ ಕಣ್ಣಾರೆ ನೋಡಿದ್ರಾ?" ಎಂದಳು.

"ನೋಡ್ದೆ ಕಣವ್ವ."

ಅವಳು ನಿನ್ನ ಕೈಗಳನ್ನು ನೋಡಿದಳು. ನೀನು, ಒಳ್ಳೆಯದಾಯಿತು ಎನ್ನುವ ಹಾಗೆ ತಲೆಯಾಡಿಸಿದೆ. ಹೋಗುವಾಗ ನನ್ನ ಕಾಲು ಮುಟ್ಟಿದೆ ಸಿದ್ದರಾಜು, ಮಡಚಲಾಗದ ಆ ಬೆರಳುಗಳಲ್ಲಿ. ನನಗೆ ನಿಂತ ನೆಲ ಬಿರಿಯಬಾರದೇ ಎನ್ನಿಸಿತು. ಹನ್ನೊಂದು ವರ್ಷ ಸುಳ್ಳನ್ನು ನಿನ್ನೊಳಗೆ ಬೆಳೆಸಿದ್ದೆ. ಆ ದಿನ ಅದನ್ನು ನಿನ್ನ ಮಗಳಿಗೂ ದಾಟಿಸಿದೆ.

ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ, ಇನ್ಸ್‌ಪೆಕ್ಟರ ಆಫೀಸಿಗೆ ನೆನ್ನೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಇನ್ನೊಂದು ಪ್ರತಿ ಮಂಗಳೂರಿಗೆ, ಉಮರಬ್ಬನ ಮನೆಗೆ. ನನ್ನ ಹೆಂಡತಿಗೆ ಹೇಳಿದೆ. ಅವಳು ಮಾತು ಬಿಟ್ಟಿದ್ದಾಳೆ, ಬಿಡಬೇಕಾದ್ದೇ. ಏನು ಶಿಕ್ಷೆ ಆಗುತ್ತದೋ ಗೊತ್ತಿಲ್ಲ. ಆಗಲಿ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ತಿ. ನರಸೀಪುರಕ್ಕೆ ಬಂದು, ಮಿಲ್ಲಿನ ಗೇಟಿನಲ್ಲಿ ನಿಂತು, ಈ ಕಾಗದವನ್ನು ನಿನಗೆ ನಾನೇ ಓದಿ ಹೇಳುತ್ತೇನೆ. ಭಾಗ್ಯ ಪಕ್ಕದಲ್ಲಿರಲಿ.

ನನಗೀಗ ಒಂದೇ ಭಯ. ನೀನು ಬೈದರೆ, ಹೊಡೆದರೆ ತಡೆದುಕೊಳ್ಳುತ್ತೇನೆ. ಆದರೆ ನೀನು ನಂಬದೆ ಹೋದರೆ? ಅಣ್ಣನಿಗೆ ವಯಸ್ಸಾಯಿತು, ನನ್ನ ತಪ್ಪು ತಾನು ಹೊತ್ತುಕೊಳ್ಳಲು ಬಂದಿದ್ದಾನೆ ಎಂದುಕೊಂಡು, "ಇಲ್ಲ ಬುಡಣ್ಣ, ಮರ್ತಿದ್ದು ನಾನೇ" ಎಂದುಬಿಟ್ಟರೆ? ನಿನ್ನ ನೆನಪನ್ನೇ ನೀನು ನಂಬದ ಹಾಗೆ ಮಾಡಿಟ್ಟವನು ನಾನು. ಆ ಗರಗಸದ ಬ್ಲೇಡಿನ ತುಂಡು ನನ್ನ ಬಳಿ ಇನ್ನೂ ಇದೆ. ಅದರ ಹಲ್ಲಿನ ಸಂದಿಯಲ್ಲಿ ಹಸಿರು ಬಣ್ಣ ಇದೆ. ಅದನ್ನೂ ತರುತ್ತೇನೆ.

ಇಷ್ಟು ಮಾತ್ರ ನಂಬು. ಹೂವು ಸರಿಸಿದ ಆ ನೆನಪು ಹಬ್ಬದ ದಿನದ್ದಲ್ಲ. ಆವತ್ತಿನದೇ.